ರೌಟರ್ ಎಲ್ಲಿಡೋಣ?

ಮನೆಗೆ ಹೊಸ ಬ್ರಾಡ್‌ಬ್ಯಾಂಡ್ ಹಾಕಿಸುವ ದಿನ ಕೇಬಲ್ ಅಣ್ಣ ಭುಜಕ್ಕೆ ಕಪ್ಪು ತಂತಿಯ ಸುರುಳಿ ನೇತುಹಾಕಿಕೊಂಡು ಬರುತ್ತಾರೆ. ಟೆರೇಸಿನಿಂದ ತಂತಿ ಇಳಿಸಿ, ಕಿಟಕಿಯ ಪಕ್ಕ ಗೋಡೆಗೆ ತೂತು ಕೊರೆದು, ಒಳಗೆ ಬಂದ ಮೇಲೆ ಕೇಳುತ್ತಾರೆ: ‘ಬಾಕ್ಸ್ ಎಲ್ಲಿಡಬೇಕು?’ ಡೊಂಬಿವಲಿಯಾಗಲಿ, ಮುಲುಂಡ್ ಆಗಲಿ, ಮೀರಾ ರೋಡ್ ಆಗಲಿ, ದೊಡ್ಡವರ ಉತ್ತರ ಸಾಮಾನ್ಯವಾಗಿ ಒಂದೇ: ‘ಟಿ.ವಿ. ಹಿಂದೆ ಇಟ್ಟುಬಿಡಿ, ಯಾರ ಕಣ್ಣಿಗೂ ಬೀಳದ ಹಾಗೆ.’ ಆಮೇಲೆ ಒಳಕೋಣೆಯಲ್ಲಿ ಸಿಗ್ನಲ್ ಸಿಗೋದಿಲ್ಲ ಅಂತ ದಿನವೂ ರಗಳೆ. ಮಕ್ಕಳೇ, ನಿಮ್ಮ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ನೀವು ಕೊಡಿ. ಡಬ್ಬಿಗೆ ಏನು ಬರುತ್ತದೆ, ಡಬ್ಬಿಯಿಂದ ಏನು ಹೊರಡುತ್ತದೆ ಎಂಬುದು ಗೊತ್ತಿದ್ದರೆ ಅದು ಕಷ್ಟವೇ ಅಲ್ಲ.

ಮೊದಲು ಆ ಅಣ್ಣನ ಕೆಲಸವನ್ನು ತುಸು ದೂರದಲ್ಲಿ ಕೂತು ನೋಡಿ. ಕಪ್ಪು ಹೊದಿಕೆ ಸುಲಿದಾಗ ಕಾಣುವುದು ತಾಮ್ರದ ತಂತಿಯಲ್ಲ, ಗಾಜಿನ ಎಳೆ. ಅದರ ದಪ್ಪ 125 ಮೈಕ್ರೋಮೀಟರ್. ಒಂದು ಮಿಲಿಮೀಟರನ್ನು ಎಂಟು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅಷ್ಟರಲ್ಲೂ ಬೆಳಕು ಓಡುವುದು ನಟ್ಟನಡುವಿನ ಸುಮಾರು 9 ಮೈಕ್ರೋಮೀಟರ್ ಜಾಗದಲ್ಲಿ. ನಡುವಿನ ಗಾಜು ಮತ್ತು ಅದರ ಸುತ್ತಲಿನ ಗಾಜು ಬೆಳಕನ್ನು ಬಾಗಿಸುವುದರಲ್ಲಿ ಒಂದಿಷ್ಟೇ ವ್ಯತ್ಯಾಸ ಇರುವಂತೆ ತಯಾರಿಸಿರುತ್ತಾರೆ. ಆ ವ್ಯತ್ಯಾಸದಿಂದಾಗಿ ಬೆಳಕು ಹೊರಗೆ ಸೋರದೆ, ಎಳೆ ತಿರುಗಿದ ಕಡೆ ತಾನೂ ತಿರುಗುತ್ತಾ ಸಾಗುತ್ತದೆ. ತೀರಾ ಮಡಚಿದರೆ ಮಾತ್ರ ಆ ತಿರುವಿನಲ್ಲಿ ಸೋರಿಹೋಗುತ್ತದೆ. ಅದಕ್ಕೇ ಈ ತಂತಿಯನ್ನು ಬಾಗಿಲ ಸಂದಿಗೆ ಸಿಕ್ಕಿಸಬಾರದು, ಗಂಟು ಹಾಕಬಾರದು, ಹೆಚ್ಚು ಉಳಿದರೆ ದೊಡ್ಡ ಸುರುಳಿಯಾಗಿ ಸುತ್ತಿಡಬೇಕು.

ಗಾಜಿನ ಎಳೆಗಳ ಕಟ್ಟಿನ ಮೂಲಕ ಒಂದು ಚಿತ್ರವನ್ನು ಆ ತುದಿಯಿಂದ ಈ ತುದಿಗೆ ಸಾಗಿಸಬಹುದು ಎಂದು 1954ರಲ್ಲಿ ಪ್ರಕಟಿಸಿದ ಇಬ್ಬರಲ್ಲಿ ಒಬ್ಬರು ನಮ್ಮ ಪಂಜಾಬಿನ ಮೊಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರ ಜೊತೆ ಅವರು ಆ ಕೆಲಸ ಮಾಡಿದರು. ಆಗಿನ ಗಾಜಿನಲ್ಲಿ ಬೆಳಕು ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಂಕಾಗುತ್ತಿತ್ತು. ತಪ್ಪು ಬೆಳಕಿನದಲ್ಲ, ಗಾಜಿನ ಕಲ್ಮಶದ್ದು. ಶುದ್ಧ ಗಾಜು ಸಿಕ್ಕರೆ ಮಾತು, ಚಿತ್ರ ಎಲ್ಲವನ್ನೂ ಕಿಲೋಮೀಟರುಗಟ್ಟಲೆ ಕಳಿಸಬಹುದು ಎಂದು 1966ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಚಾರ್ಲ್ಸ್ ಕಾವೋ. ಅದಕ್ಕೆ 2009ರಲ್ಲಿ ನೊಬೆಲ್ ಬಂತು.

ಈಗ ಆ ಅಣ್ಣ ಒಂದು ಪುಟ್ಟ ಮೀಟರಿಗೆ ಎಳೆಯ ತುದಿ ಸಿಕ್ಕಿಸುತ್ತಾರೆ. ಪರದೆಯ ಮೇಲೆ ‘ಮೈನಸ್ 20’ ಅಂತಲೋ ‘ಮೈನಸ್ 22’ ಅಂತಲೋ ಬರುತ್ತದೆ. ಮೈನಸ್ ಅಂದ ಕೂಡಲೇ ಏನೋ ಕೆಟ್ಟಿದೆ ಅಂದುಕೊಳ್ಳಬೇಡಿ. ಈ ಅಳತೆಯಲ್ಲಿ ಸೊನ್ನೆ ಎಂದರೆ ಒಂದು ಮಿಲಿವ್ಯಾಟ್ ಬೆಳಕು. ಮೈನಸ್ 10 ಎಂದರೆ ಅದರ ಹತ್ತನೇ ಒಂದು ಭಾಗ, ಮೈನಸ್ 20 ಎಂದರೆ ನೂರನೇ ಒಂದು ಭಾಗ. ಮನೆಯ ಎಲ್‌ಇಡಿ ಬಲ್ಬು 9 ವ್ಯಾಟಿನದು ಅಂತಿಟ್ಟುಕೊಳ್ಳಿ. ಒಂದು ವ್ಯಾಟಿಗೆ ಸಾವಿರ ಮಿಲಿವ್ಯಾಟ್. ಆ ಲೆಕ್ಕದಲ್ಲಿ ನಿಮ್ಮ ಮನೆಗೆ ಬರುವ ಬೆಳಕು ಎಷ್ಟು ಸಣ್ಣದು ನೋಡಿ! ಅಷ್ಟರಲ್ಲೇ ಕ್ರಿಕೆಟ್ ಪಂದ್ಯ, ಆನ್‌ಲೈನ್ ಪಾಠ, ಊರಿನ ಅಜ್ಜಿಯ ಮುಖ ಎಲ್ಲವೂ ಬರುತ್ತವೆ. ನನಗೆ ಇಡೀ ಏರ್ಪಾಡಿನಲ್ಲಿ ಅತಿ ಬೆರಗು ಹುಟ್ಟಿಸುವುದು ಇದೇ.

ಆದರೆ ಒಂದು ಮಾತು. ಎಳೆಯ ತುದಿಯನ್ನು ಕಣ್ಣಿಗೆ ಹಿಡಿದು ಒಳಗೆ ಇಣುಕಬೇಡಿ. ಅದು ಅತಿಗೆಂಪು ಬೆಳಕು. ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು. ನೆಲದ ಮೇಲೆ ಬಿದ್ದ ಗಾಜಿನ ಚೂರನ್ನೂ ಮುಟ್ಟಬೇಡಿ, ಬೆರಳಿಗೆ ಚುಚ್ಚಿಕೊಂಡರೆ ಹುಡುಕಿ ತೆಗೆಯುವುದು ಕಷ್ಟ.

ಆ ಒಂದೇ ಎಳೆಯಲ್ಲಿ ಎರಡೂ ದಿಕ್ಕಿಗೆ ಸಂಚಾರ. ಸಾಮಾನ್ಯವಾಗಿ ಮನೆಗೆ ಬರುವುದು 1490 ನ್ಯಾನೋಮೀಟರ್ ಅಲೆಯುದ್ದದ ಬೆಳಕು, ಮನೆಯಿಂದ ಹೋಗುವುದು 1310ರದು. ಎರಡೂ ಎದುರುಬದುರು ಹಾದುಹೋದರೂ ಒಂದಕ್ಕೊಂದು ತೊಡಕಾಗುವುದಿಲ್ಲ. ಇನ್ನೊಂದು ಸೊಗಸಿದೆ. ಇಂಟರ್ನೆಟ್ ಕಂಪನಿಯ ಎಕ್ಸ್‌ಚೇಂಜಿನಿಂದ ಹೊರಟ ಒಂದು ಎಳೆಯ ಬೆಳಕನ್ನು ದಾರಿಯಲ್ಲಿ ಸ್ಪ್ಲಿಟರ್ ಎಂಬ ಪುಟ್ಟ ಗಾಜಿನ ಸಾಧನ 32 ಅಥವಾ 64 ಪಾಲು ಮಾಡಿ ಅಷ್ಟು ಮನೆಗಳಿಗೆ ಕಳಿಸುತ್ತದೆ. ಅದಕ್ಕೆ ಕರೆಂಟೇ ಬೇಡ. ಎಲ್ಲರ ಮಾಹಿತಿಯೂ ಎಲ್ಲರ ಡಬ್ಬಿಗೆ ಬರುತ್ತದೆ. ಗುಪ್ತಲಿಪಿಯಲ್ಲಿರುವುದರಿಂದ ಪ್ರತಿ ಡಬ್ಬಿ ತನ್ನದನ್ನಷ್ಟೇ ಓದಿಕೊಳ್ಳುತ್ತದೆ. ಹಿಂದಕ್ಕೆ ಕಳಿಸುವಾಗ ಮಾತ್ರ ಎಲ್ಲರೂ ಒಟ್ಟಿಗೆ ಬೆಳಗಿದರೆ ಗೊಂದಲ. ಹಾಗಾಗಿ ಎಕ್ಸ್‌ಚೇಂಜು ಪ್ರತಿ ಮನೆಗೂ ಸೆಕೆಂಡಿನ ಅತಿ ಸಣ್ಣ ತುಣುಕೊಂದನ್ನು ಸರದಿಯಾಗಿ ಕೊಡುತ್ತದೆ.

ಎಕ್ಸ್‌ಚೇಂಜಿನಿಂದಾಚೆ? ಮುಂಬಯಿಯ ಮಕ್ಕಳು ಇದರಲ್ಲಿ ಅದೃಷ್ಟವಂತರು. ವರ್ಸೋವಾ ಬೀಚಿಗೆ ಹೋದಾಗ ನಿಮ್ಮ ಕಾಲ ಕೆಳಗಿನ ಮರಳಿನಲ್ಲಿ ಸಮುದ್ರದ ಕೇಬಲ್ ಇರಬಹುದು. ವಿದೇಶಗಳಿಂದ ಕಡಲ ತಳದಲ್ಲಿ ಬರುವ ಹಲವು ಫೈಬರ್ ಕೇಬಲ್‌ಗಳು ದಡ ಸೇರುವುದು ಅಲ್ಲೇ. 2005ರಲ್ಲಿ ಪೂರ್ತಿಯಾದ ಸಿ-ಮಿ-ವಿ 4 ಎಂಬ ಕೇಬಲ್ ಸಿಂಗಪುರದಿಂದ ಮುಂಬಯಿ ಮುಟ್ಟಿ ಫ್ರಾನ್ಸಿನ ಮಾರ್ಸೇಯವರೆಗೆ ಹೋಗುತ್ತದೆ. 2008ರ ಜನವರಿ ಕೊನೆಯಲ್ಲಿ ಅದೂ ಇನ್ನೊಂದು ಕೇಬಲ್ಲೂ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ತುಂಡಾದಾಗ ನಮ್ಮ ದೇಶದಲ್ಲಿ ಇಂಟರ್ನೆಟ್ ನಿಧಾನವಾಗಿತ್ತು. ಮುಂಬಯಿಗೂ ಕಡಲ ಕೇಬಲ್ಲಿಗೂ ನಂಟು ಇವತ್ತಿನದಲ್ಲ. 1870ರಲ್ಲೇ ‘ಗ್ರೇಟ್ ಈಸ್ಟರ್ನ್’ ಎಂಬ ದೈತ್ಯ ಹಡಗು ಮುಂಬಯಿಯಿಂದ ಏಡನ್‌ವರೆಗೆ ಟೆಲಿಗ್ರಾಫ್ ಕೇಬಲ್ ಹಾಸಿತ್ತು.

ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 1,000 ಕಿಲೋಮೀಟರ್ ಉದ್ದದ ದಾರಿಗೆ ಎಷ್ಟು ಹೊತ್ತು? 5 ಮಿಲಿಸೆಕೆಂಡ್. ಕಣ್ಣು ಮಿಟುಕಿಸಲೂ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಹೊತ್ತು ಬೇಕು.

ನಿಮ್ಮ ಅಪ್ಪ ಅಮ್ಮ ಚಿಕ್ಕವರಿದ್ದಾಗ ಹೀಗಿರಲಿಲ್ಲ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿ.ಎಸ್.ಎನ್.ಎಲ್. ಎಂಬ ಕಂಪನಿಯ ಮೂಲಕ, ಮೊದಲು ಸಿಕ್ಕ ಊರುಗಳಲ್ಲಿ ಮುಂಬಯಿಯೂ ಒಂದು. ಅದು ಬರುತ್ತಿದ್ದದ್ದು ಟೆಲಿಫೋನಿನ ತಾಮ್ರದ ತಂತಿಯಲ್ಲಿ. ಆ ತಂತಿಯಲ್ಲಿ ಮಾತಿಗೆಂದು ಬಿಟ್ಟಿದ್ದು ಸೆಕೆಂಡಿಗೆ 300ರಿಂದ 3,400 ಕಂಪನಗಳ ಜಾಗ. ಮೋಡೆಮ್ ಎಂಬ ಡಬ್ಬಿ ಕಂಪ್ಯೂಟರಿನ ಒಂದು–ಸೊನ್ನೆಗಳನ್ನು ಕೀಚು ದನಿಯಾಗಿ ಬದಲಿಸಿ ಅದೇ ಜಾಗದಲ್ಲಿ ಕಳಿಸುತ್ತಿತ್ತು. ಹಾಗಾಗಿ ನೆಟ್ ಇದ್ದಾಗ ಫೋನ್ ಇಲ್ಲ, ಫೋನ್ ಇದ್ದಾಗ ನೆಟ್ ಇಲ್ಲ. ಆಮೇಲೆ ಎಂ.ಟಿ.ಎನ್.ಎಲ್. ಎಂಬ ಟೆಲಿಫೋನ್ ಕಂಪನಿ ಮುಂಬಯಿಯ ಮನೆಗಳಿಗೆ ಕೊಟ್ಟ ಬ್ರಾಡ್‌ಬ್ಯಾಂಡಿನಲ್ಲಿ ಮಾತನ್ನು ಕೆಳಗೆ ಹಾಗೇ ಬಿಟ್ಟು, ಮಾಹಿತಿಯನ್ನು ಅದಕ್ಕಿಂತ ಬಹಳ ಮೇಲಿನ ಕಂಪನಗಳಲ್ಲಿ ಕಳಿಸಿದರು. ಒಂದೇ ತಂತಿಯಲ್ಲಿ ಎರಡೂ ನಡೆಯಿತು. 2004ರ ಸರ್ಕಾರಿ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಆಗ ಅದು ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳುತ್ತಿತ್ತು. ಐದು ಮೆಗಾಬೈಟಿನ ಒಂದು ಫೋಟೋ ಎಂದರೆ 40 ಮೆಗಾಬಿಟ್, ಯಾಕೆಂದರೆ ಒಂದು ಬೈಟಿಗೆ ಎಂಟು ಬಿಟ್. ಆ ವೇಗದಲ್ಲಿ ಅದು ಬರಲು ಸುಮಾರು ಎರಡೂವರೆ ನಿಮಿಷ ಬೇಕು. 100 ಮೆಗಾಬಿಟ್ ವೇಗದಲ್ಲಿ ಅರ್ಧ ಸೆಕೆಂಡೂ ಬೇಡ. ಭಾಗಾಕಾರ ಮಾಡಿ ನೋಡಿ.

ಸರಿ, ಬೆಳಕು ಡಬ್ಬಿಗೆ ಬಂತು. ಡಬ್ಬಿ ಅದನ್ನು ವಿದ್ಯುತ್ತಿನ ಮಿಡಿತವಾಗಿ ಮಾಡಿಕೊಂಡಿತು. ಆದರೆ ಮನೆಯಲ್ಲಿ ಅಮ್ಮನ ಮೊಬೈಲ್, ಅಕ್ಕನ ಲ್ಯಾಪ್‌ಟಾಪ್, ಟಿ.ವಿ., ನಿಮ್ಮ ಟ್ಯಾಬ್ ಎಲ್ಲ ಇವೆ. ಯಾವುದು ಯಾರದು? ನಿಮ್ಮ ಸೊಸೈಟಿಯ ವಾಚ್‌ಮನ್ ಕಾಕಾನನ್ನು ನೆನೆಯಿರಿ. ಹೊರಗಿನವರಿಗೆ ಗೊತ್ತಿರುವುದು ಸೊಸೈಟಿಯ ವಿಳಾಸ ಮಾತ್ರ. ಒಳಗೆ ಯಾವ ಫ್ಲ್ಯಾಟ್ ಏನು ತರಿಸಿದೆ ಎಂಬುದು ಕಾಕಾನ ಪುಸ್ತಕದಲ್ಲಿದೆ. ಪಾರ್ಸೆಲ್ ಬಂದರೆ ಪುಸ್ತಕ ನೋಡಿ ಸರಿಯಾದ ಫ್ಲ್ಯಾಟಿಗೆ ಕಳಿಸುತ್ತಾರೆ, ಯಾರೂ ಕರೆಯದೆ ಬಂದವರನ್ನು ಗೇಟಿನಲ್ಲೇ ನಿಲ್ಲಿಸುತ್ತಾರೆ. ರೌಟರ್ ಮಾಡುವುದೂ ಇದನ್ನೇ. ಮನೆಯ ಪ್ರತಿ ಸಾಧನಕ್ಕೂ ತಾನೇ ಒಂದು ಒಳವಿಳಾಸ ಹಂಚುತ್ತದೆ, ಉದಾಹರಣೆಗೆ 192.168.1.5. ರೌಟರಿನ ಸ್ವಂತ ವಿಳಾಸ ಎಷ್ಟೋ ಮನೆಗಳಲ್ಲಿ 192.168.1.1. ನಿಮ್ಮ ಮನೆಯಲ್ಲೂ ಅದೇ, ಎದುರು ಮನೆಯಲ್ಲೂ ಅದೇ ಇದ್ದರೂ ತೊಂದರೆಯಿಲ್ಲ, ಆ ಸಂಖ್ಯೆ ಮನೆಯಿಂದ ಹೊರಗೆ ಹೋಗುವುದೇ ಇಲ್ಲ. ಹಳೆಯ ಪದ್ಧತಿಯಲ್ಲಿ ಇಡೀ ಜಗತ್ತಿಗೆ ಇರುವ ವಿಳಾಸಗಳು ಸುಮಾರು 430 ಕೋಟಿ. ಎಲ್ಲ ಸಾಧನಗಳಿಗೂ ಅಷ್ಟು ಸಾಲದು. ಅದಕ್ಕೇ ಮನೆಯೊಳಗಿನ ಬಳಕೆಗೆಂದು ಕೆಲವು ಸಂಖ್ಯೆಗಳನ್ನು ಬೇರೆಯೇ ಎತ್ತಿಟ್ಟಿದ್ದಾರೆ.

ಇನ್ನು ಕೊನೆಯ ಹತ್ತಡಿ. ಇಲ್ಲಿ ಗಾಜೂ ಇಲ್ಲ, ತಂತಿಯೂ ಇಲ್ಲ, ರೇಡಿಯೋ ಅಲೆ ಮಾತ್ರ. ವೈಫೈ ಅಲೆ ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುತ್ತದೆ, ಇದನ್ನೇ 2.4 ಗಿಗಾಹರ್ಟ್ಸ್ ಅನ್ನುವುದು. ಸೆಕೆಂಡಿಗೆ 30 ಕೋಟಿ ಮೀಟರ್ ಓಡುವ ಅಲೆ 240 ಕೋಟಿ ಸಲ ಕಂಪಿಸಿದರೆ ಒಂದೊಂದು ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್. ನಿಮ್ಮ ಕಂಪಾಸ್ ಪೆಟ್ಟಿಗೆಯ 15 ಸೆಂಟಿಮೀಟರ್ ಸ್ಕೇಲಿನಲ್ಲಿ ಗುರುತು ಹಾಕಬಹುದು! 5 ಗಿಗಾಹರ್ಟ್ಸ್ ಅಲೆ ಅದರ ಅರ್ಧದಷ್ಟು, ಸುಮಾರು 6 ಸೆಂಟಿಮೀಟರ್. ಅದು ಹೆಚ್ಚು ವೇಗವಾಗಿ ಮಾಹಿತಿ ಒಯ್ಯುತ್ತದೆ, ಆದರೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ. ಇದಕ್ಕಿಂತಲೂ ಚಿಕ್ಕ, ಮಿಲಿಮೀಟರುಗಳಲ್ಲಿ ಅಳೆಯುವಂಥ ಅಲೆಗಳನ್ನು ಕೋಲ್ಕತ್ತದಲ್ಲಿ 1890ರ ದಶಕದಲ್ಲೇ ಹುಟ್ಟಿಸಿ, ಗೋಡೆಯ ಆಚೆಗಿದ್ದ ಗಂಟೆ ಬಾರಿಸಿ ತೋರಿಸಿದ್ದರು ಜಗದೀಶಚಂದ್ರ ಬೋಸರು.

ವೈಫೈ ಅಲೆಗೆ ಲೋಹ ಕಂಡರೆ ಆಗದು, ಬಡಿದು ಹಿಂದಿರುಗುತ್ತದೆ. ನೀರು ಅದನ್ನು ಹೀರಿಕೊಳ್ಳುತ್ತದೆ. ಈಗ ನಿಮ್ಮ ಮನೆಯನ್ನು ಒಂದು ಸುತ್ತು ನೋಡಿ. ಸ್ಟೀಲಿನ ಕಪಾಟು, ಫ್ರಿಜ್, ಹಿಂಭಾಗಕ್ಕೆ ಲೋಹ ಲೇಪಿಸಿದ ನಿಲುವುಗನ್ನಡಿ, ಬಚ್ಚಲಮನೆಯ ಮೇಲಿನ ಲಾಫ್ಟಿನಲ್ಲಿರುವ ನೀರಿನ ಟಾಕಿ, ಬೆಳಗಿನ ನೀರು ತುಂಬಿಟ್ಟ ಡ್ರಮ್ಮು, ಒಳಗೆ ಕಬ್ಬಿಣದ ಸರಳಿರುವ ಕಾಂಕ್ರೀಟ್ ಕಂಬ. ಟಿ.ವಿ.ಯ ಹಿಂಬದಿಯಲ್ಲೂ ಲೋಹದ ತಗಡಿದೆ. ಹಳೆಯ ಚಾಳಿನ ಮರದ ಗೋಡೆಯನ್ನು ಅಲೆ ಸುಲಭವಾಗಿ ದಾಟುತ್ತದೆ. ಹೊಸ ಟವರಿನ ಕಾಂಕ್ರೀಟ್ ಗೋಡೆಯಲ್ಲಿ ಒದ್ದಾಡುತ್ತದೆ.

ಒಂದು ಮಧ್ಯಾಹ್ನ ಮನೆಯ ನಕ್ಷೆ ಬರೆಯಿರಿ. ಮೊಬೈಲ್ ಹಿಡಿದು ಪ್ರತಿ ಮೂಲೆಗೂ ಹೋಗಿ, ವೈಫೈ ಗುರುತಿನಲ್ಲಿ ಎಷ್ಟು ಗೆರೆ ಇವೆ ಎಂದು ನಕ್ಷೆಯಲ್ಲಿ ತುಂಬಿ. ಆಮೇಲೆ ದೊಡ್ಡವರನ್ನು ಕೇಳಿ ಡಬ್ಬಿಯನ್ನು ತಂತಿ ಬರುವಷ್ಟು ದೂರ ಸರಿಸಿ, ಇನ್ನೊಮ್ಮೆ ಅಳೆಯಿರಿ. ಉತ್ತರ ತಾನಾಗಿ ಸಿಗುತ್ತದೆ: ಮನೆಯ ನಡುಭಾಗಕ್ಕೆ ಹತ್ತಿರ, ನಿಮ್ಮ ತಲೆಗಿಂತ ಎತ್ತರ, ಸುತ್ತ ಖಾಲಿ. ಅಂಟೆನಾ ನೆಟ್ಟಗೆ ನಿಲ್ಲಿಸಿದರೆ ಅಲೆ ಸುತ್ತಲೂ ಅಡ್ಡಕ್ಕೆ ಹರಡುತ್ತದೆ. ಅಂಟೆನಾದ ತುದಿ ತೋರುವ ಕಡೆಗೆ ಮಾತ್ರ ಬಹಳ ಕಡಿಮೆ. ಅದನ್ನು ಕೋಣೆಯ ಕಡೆಗೆ ಬಗ್ಗಿಸಿದರೆ ಸಿಗ್ನಲ್ ಹೆಚ್ಚುತ್ತದೆ ಎನ್ನುವವರಿಗೆ ನಿಮ್ಮ ನಕ್ಷೆ ತೋರಿಸಿ.

ಮುಂಬಯಿಯಲ್ಲಿ ಇನ್ನೊಂದು ತೊಡಕು: ಒತ್ತೊತ್ತಾಗಿ ಮನೆಗಳು. ಮೊಬೈಲಿನಲ್ಲಿ ವೈಫೈ ಹುಡುಕಿದರೆ ಮೇಲಿನವರದು, ಕೆಳಗಿನವರದು ಎಲ್ಲ ಹೆಸರೂ ಸಾಲಾಗಿ ಬರುತ್ತವೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಎಲ್ಲರೂ ಒಂದರಲ್ಲೇ ಕೂತರೆ ಎಲ್ಲರಿಗೂ ನಿಧಾನ. ಟಿ.ವಿ., ಲ್ಯಾಪ್‌ಟಾಪಿನಂಥವನ್ನು ಸಾಧ್ಯವಾದರೆ 5 ಗಿಗಾಹರ್ಟ್ಸ್‌ಗೆ ಸೇರಿಸಿ. ಅಲ್ಲಿ ಚಾನೆಲ್‌ಗಳು ಹೆಚ್ಚು.

ಜಾಗ ಸಿಕ್ಕಿತಲ್ಲ, ಈಗ ಬೀಗ. ಡಬ್ಬಿಯ ಹಿಂದೆ ಅಂಟಿಸಿದ ಚೀಟಿಯಲ್ಲಿ ರೌಟರಿನ ವಿಳಾಸ, ಹೆಸರು, ಪಾಸ್‌ವರ್ಡ್ ಇರುತ್ತವೆ. ದೊಡ್ಡವರ ಜೊತೆ ಕೂತು ಬ್ರೌಸರಿನಲ್ಲಿ ಆ ವಿಳಾಸ ಟೈಪ್ ಮಾಡಿದರೆ ಸೆಟ್ಟಿಂಗ್ ಪುಟ ತೆರೆಯುತ್ತದೆ. ಎರಡು ಪಾಸ್‌ವರ್ಡ್ ಬದಲಿಸಬೇಕು: ಈ ಪುಟದ್ದೊಂದು, ವೈಫೈಯದೊಂದು. ಎಷ್ಟೋ ಮನೆಗಳಲ್ಲಿ ವೈಫೈಯದನ್ನು ಮಾತ್ರ ಬದಲಿಸಿ ಪುಟದ್ದನ್ನು ಹಾಗೇ ಬಿಡುತ್ತಾರೆ, ಅದು ಸರಿಯಲ್ಲ. ಭದ್ರತೆ ಎಂಬಲ್ಲಿ ಡಬ್ಲ್ಯು.ಪಿ.ಎ.2 ಅಥವಾ ಡಬ್ಲ್ಯು.ಪಿ.ಎ.3 ಆರಿಸಿ. ವೈಫೈ ಪಾಸ್‌ವರ್ಡ್ 8ರಿಂದ 63 ಅಕ್ಷರ ಇರಬಹುದು. ನಿಮ್ಮ ಹೆಸರು, ಹುಟ್ಟಿದ ದಿನ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಸಾಲಾಗಿ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನೆನಪಿಗೆ ಸುಲಭ, ಊಹೆಗೆ ಕಷ್ಟ. ಅದೇ ಪುಟದಲ್ಲಿ ಕಂಪನಿ ಕೊಟ್ಟ ಬಳಕೆದಾರರ ಹೆಸರೂ ಇರಬಹುದು, ಅದನ್ನು ಮುಟ್ಟಬೇಡಿ. ಹಿಂಬದಿಯ ರೀಸೆಟ್ ತೂತಿಗೆ ಪಿನ್ ಚುಚ್ಚಿದರೆ ಅದು ಅಳಿಸಿಹೋಗಿ ಇಂಟರ್ನೆಟ್ಟೇ ನಿಲ್ಲಬಹುದು.

ಜೂನ್‌ನಲ್ಲಿ ಗುಡುಗು ಶುರುವಾದಾಗ ಡಬ್ಬಿಯ ಅಡಾಪ್ಟರನ್ನು ದೊಡ್ಡವರಿಂದ ತೆಗೆಸಿಬಿಡಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ ನಿಜ, ಆದರೆ ಕರೆಂಟಿನ ಪ್ಲಗ್ಗಿನಿಂದ ಏರುಪೇರು ಬರಬಹುದು. ನೆಟ್ ನಿಂತರೆ ಮೊದಲು ದೀಪಗಳನ್ನು ನೋಡಿ. ‘ಪಾನ್’ ಎಂಬ ದೀಪ ಹಸಿರಾಗಿ ಸ್ಥಿರವಾಗಿದ್ದರೆ ಬೆಳಕು ಬರುತ್ತಿದೆ, ತೊಂದರೆ ಬೇರೆ ಕಡೆ. ಡಬ್ಬಿಯನ್ನು ಒಮ್ಮೆ ಆರಿಸಿ ಹಾಕಿ ನೋಡಬಹುದು. ‘ಎಲ್.ಓ.ಎಸ್.’ ಎಂಬ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ. ತಂತಿ ಎಲ್ಲೋ ಮಡಚಿದೆ, ಅಥವಾ ಟೆರೇಸಿನಲ್ಲೋ ರಸ್ತೆ ಅಗೆದಲ್ಲೋ ತುಂಡಾಗಿದೆ. ಆಗ ಎಷ್ಟು ಸಲ ಆರಿಸಿ ಹಾಕಿದರೂ ಉಪಯೋಗವಿಲ್ಲ. ದೂರು ಕೊಡಲು ಅಪ್ಪ ಫೋನ್ ಮಾಡುವಾಗ ‘ನೆಟ್ ಬರ್ತಿಲ್ಲ’ ಅನ್ನುವ ಬದಲು ‘ಎಲ್.ಓ.ಎಸ್. ಕೆಂಪಾಗಿದೆ’ ಅನ್ನಲು ಹೇಳಿ. ಕೇಬಲ್ ಅಣ್ಣ ಗಾಜಿನ ಎಳೆ ಜೋಡಿಸುವ ಸಾಮಾನು ತೆಗೆದುಕೊಂಡೇ ಬರುತ್ತಾರೆ.