ಮೀನುತೊಟ್ಟಿಯ ಪಾಚಿ ಮತ್ತು ಪಾಚಿ ತಿನ್ನುವ ಮೀನುಗಳು

(ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ರೈತ ಕುಟುಂಬಗಳನ್ನು ಉದ್ದೇಶಿಸಿ ಸಿದ್ಧಪಡಿಸಿದ ಭಾಷಣದ ಪಾಠ)



ಗಾಜಿನ ಮೀನುತೊಟ್ಟಿ ಈಗ ಪಟ್ಟಣದವರ ಮನೆಯ ಅಲಂಕಾರವಾಗಿ ಮಾತ್ರ ಉಳಿದಿಲ್ಲ. ಹಳ್ಳಿಯ ಮನೆಗಳಲ್ಲಿಯೂ ಮಕ್ಕಳ ಆಸೆಗೆಂದು ಪೇಟೆಯಿಂದ ತೊಟ್ಟಿ ತರುವುದುಂಟು. ಮೊದಲ ಕೆಲವು ವಾರ ನೀರು ತಿಳಿಯಾಗಿರುತ್ತದೆ. ಅನಂತರ ಗಾಜಿನ ಮೇಲೆ ಹಸಿರು ಲೇಪ ಕಟ್ಟುತ್ತದೆ. ಅಂಗಡಿಯಲ್ಲಿ ವಿಚಾರಿಸಿದರೆ ಸಿಗುವ ಉತ್ತರ ಒಂದೇ: "ಒಂದು ಸಕ್ಕರ್ ಮೀನು ಬಿಡಿ, ಪಾಚಿಯನ್ನೆಲ್ಲ ತಿಂದು ಹಾಕುತ್ತದೆ." ಬೆರಳುದ್ದದ ಆ ಮೀನು ಎರಡು ಮೂರು ವರ್ಷಗಳಲ್ಲಿ ತೊಟ್ಟಿಯಲ್ಲಿ ಹಿಡಿಸದಷ್ಟು ಬೆಳೆಯುತ್ತದೆ. ಆಗ ಮನೆಯವರಿಗೆ ನೆನಪಾಗುವುದು ಊರ ಮುಂದಿನ ಕೆರೆ.

ಇದರಲ್ಲಿ ಮೂರು ತಪ್ಪುಗಳು ಅಡಗಿವೆ. ಪಾಚಿ ಏಕೆ ಬಂತೆಂದು ನೋಡದಿರುವುದು ಮೊದಲನೆಯದು. ಯಾವ ಮೀನೆಂದು ತಿಳಿಯದೆ ಕೊಳ್ಳುವುದು ಎರಡನೆಯದು. ಬೇಡವಾದಾಗ ಕೆರೆಗೆ ಬಿಡುವುದು ಮೂರನೆಯದು. ಮೊದಲೆರಡು ತಪ್ಪುಗಳಿಂದ ಒಂದು ಮನೆಗೆ ನಷ್ಟ. ಮೂರನೆಯದರಿಂದ ಊರಿಗೇ ನಷ್ಟ.

ಪಾಚಿಯೂ ಒಂದು ಬೆಳೆಯೇ

ಹೊಲದಲ್ಲಿ ಕಳೆ ಬೆಳೆಯಲು ಬೆಳಕು, ನೀರು ಮತ್ತು ಪೋಷಕಾಂಶ ಬೇಕು. ಪಾಚಿಗೂ ಇಷ್ಟೇ ಸಾಕು. ತೊಟ್ಟಿಯಲ್ಲಿ ನೀರಿಗೆ ಕೊರತೆಯಿಲ್ಲ. ಕಿಟಕಿಯ ಬಿಸಿಲು ಅಥವಾ ಇಡೀ ದಿನ ಉರಿಯುವ ದೀಪ ಬೆಳಕನ್ನು ಒದಗಿಸುತ್ತದೆ. ಗೊಬ್ಬರವನ್ನು ಒದಗಿಸುವವರು ನಾವೇ. ಮೀನು ತಿನ್ನದೆ ಬಿಟ್ಟ ಆಹಾರ ಮತ್ತು ಮೀನಿನ ಹಿಕ್ಕೆ ಕೊಳೆತು ಅಮೋನಿಯಾ ಆಗುತ್ತದೆ. ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿಯೂ ಅನಂತರ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಲಕ್ಕೆ ಹಾಕಿದ ಯೂರಿಯಾ ಮಣ್ಣಿನಲ್ಲಿ ಪಡೆಯುವ ಮಾರ್ಪಾಡೂ ಇದೇ ಬಗೆಯದು. ಹೆಚ್ಚು ಗೊಬ್ಬರ ಹಾಕುವ ಹೊಲಗಳ ನಡುವಿನ ಕೊಳವೆಬಾವಿಯ ನೀರಿನಲ್ಲಿ ಮೊದಲೇ ನೈಟ್ರೇಟ್ ಇದ್ದರೆ ಪಾಚಿಗೆ ಇನ್ನಷ್ಟು ಅನುಕೂಲ.

ಆದ್ದರಿಂದ ಬೆಳಕನ್ನೂ ಆಹಾರವನ್ನೂ ಹಿಡಿತಕ್ಕೆ ತರದೆ ಮೀನನ್ನು ಮಾತ್ರ ನೆಚ್ಚಿಕೊಂಡರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಸರಿ. ಪಾಚಿ ತಿನ್ನುವ ಮೀನೂ ಹಿಕ್ಕೆ ಹಾಕುತ್ತದೆ ಎಂಬುದನ್ನು ಮರೆಯಬಾರದು. ಮೀನು ದೊಡ್ಡದಾದಷ್ಟೂ ತೊಟ್ಟಿಗೆ ಬೀಳುವ ಗೊಬ್ಬರವೂ ಹೆಚ್ಚು.

ಎಲ್ಲ ಪಾಚಿಯೂ ಒಂದೇ ಅಲ್ಲ. ಹೊಸ ತೊಟ್ಟಿಯಲ್ಲಿ ಕಾಣುವ ಕಂದು ಪುಡಿಯಂಥ ಲೇಪ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಕಡಿಮೆಯಾಗುತ್ತದೆ. ಗಾಜಿನ ಮೇಲಿನ ಮೆದುವಾದ ಹಸಿರು ಲೇಪವನ್ನು ಹಲವು ಮೀನುಗಳು ತಿನ್ನುತ್ತವೆ. ನೀರೇ ಹಸಿರಾಗಿದ್ದರೆ ಅದು ತೇಲುವ ಪಾಚಿ. ಮನೆಯ ತೊಟ್ಟಿಯಲ್ಲಿ ಸಾಕುವ ಪಾಚಿಮೀನುಗಳಿಂದ ಅದು ಹೋಗುವುದಿಲ್ಲ, ಬೆಳಕನ್ನು ಕಡಿಮೆ ಮಾಡಿ ನೀರು ಬದಲಿಸಬೇಕು. ಹಾಳೆಯಂತೆ ಏಳುವ, ಕೆಟ್ಟ ವಾಸನೆಯ ನೀಲಿಹಸಿರು ಲೋಳೆಯನ್ನು ಈ ಮೀನುಗಳು ಮುಟ್ಟುವುದಿಲ್ಲ. ಅದನ್ನು ಕೈಯಿಂದಲೇ ತೆಗೆಯತಕ್ಕದ್ದು.

ಇಲ್ಲೊಂದು ಎಚ್ಚರಿಕೆ. ಬೋರ್ಡೋ ದ್ರಾವಣಕ್ಕೆಂದು ಮನೆಯಲ್ಲಿ ಮೈಲುತುತ್ತ ಇಟ್ಟಿರುವವರು ಅದನ್ನು ಚಿಟಿಕೆಯಷ್ಟು ತೊಟ್ಟಿಗೆ ಹಾಕಿದರೆ ಪಾಚಿ ಸಾಯುವುದೆಂದು ಎಣಿಸಬಹುದು. ತಾಮ್ರವು ಪಾಚಿಯನ್ನು ಕೊಲ್ಲುವುದು ನಿಜ, ಆದರೆ ಮೀನನ್ನೂ ಕೊಲ್ಲುತ್ತದೆ. ಈ ಪ್ರಯೋಗ ಕೂಡದು.

ಮೀನುಗಳ ಗುರುತು

ಬೆಳ್ಳಗಿರುವುದೆಲ್ಲ ಹಾಲಲ್ಲ. ಅಂಗಡಿಯಲ್ಲಿ "ಪಾಚಿ ತಿನ್ನುವ ಮೀನು" ಎಂಬ ಒಂದೇ ಹೆಸರಿನಲ್ಲಿ ಹಲವು ಜಾತಿಗಳನ್ನು ಮಾರುತ್ತಾರೆ. ಮರಿಗಳು ನೋಡಲು ಒಂದೇ ಬಗೆ. ಬೆಳೆದ ಮೇಲೆ ಗುಣ ಬೇರೆ ಬೇರೆ.

1. ಸಕ್ಕರ್ ಮೀನು: ದಕ್ಷಿಣ ಅಮೆರಿಕದ ನದಿಗಳ ಮೀನು. ಮೈಮೇಲೆ ಹುರುಪೆಯ ಬದಲು ಗಟ್ಟಿಯಾದ ಮೂಳೆಯ ಫಲಕಗಳು, ತಲೆಯ ಅಡಿಯಲ್ಲಿ ಅಂಟಿಕೊಳ್ಳುವ ಬಾಯಿ, ಹಾಯಿಯಂತೆ ಎತ್ತರವಾದ ಬೆನ್ನಿನ ಈಜುರೆಕ್ಕೆ. 40 ಸೆಂ.ಮೀ.ಗೂ ಮೀರಿ ಬೆಳೆಯುತ್ತದೆ. ಹಲವು ವರ್ಷ ಬದುಕುತ್ತದೆ. ಮನೆಯ ತೊಟ್ಟಿಗೆ ಇದು ತಕ್ಕುದಲ್ಲ.

2. ಬ್ರಿಸಲ್‌ನೋಸ್: ಇದೂ ಅದೇ ಕುಟುಂಬದ್ದು. ಆದರೆ 12ರಿಂದ 15 ಸೆಂ.ಮೀ.ಗೆ ಬೆಳವಣಿಗೆ ನಿಲ್ಲುತ್ತದೆ. ಬೆಳೆದ ಗಂಡಿನ ಮೂತಿಯ ಮೇಲೆ ಕವಲೊಡೆದ ಮೃದುವಾದ ಎಳೆಗಳಿರುತ್ತವೆ. ಮರಿಗಳಲ್ಲಿ ಈ ಗುರುತು ಕಾಣದು. ಆಗ ಬೆನ್ನಿನ ಈಜುರೆಕ್ಕೆಯ ಕಡ್ಡಿಗಳನ್ನು ಎಣಿಸಬೇಕು. ಮುಂದಿನ ಮುಳ್ಳನ್ನು ಬಿಟ್ಟು 7ರಷ್ಟಿದ್ದರೆ ಬ್ರಿಸಲ್‌ನೋಸ್ ಇರಬಹುದು. 10 ಅಥವಾ ಹೆಚ್ಚಿದ್ದರೆ ಅದು ದೊಡ್ಡದಾಗಿ ಬೆಳೆಯುವ ಸಕ್ಕರ್.

3. ಚೈನೀಸ್ ಆಲ್ಗೀ ಈಟರ್: ಆಗ್ನೇಯ ಏಷ್ಯಾದ ತೆಳುವಾದ, ಅಂಟುಬಾಯಿಯ ಮೀನು. ಚಿನ್ನದ ಬಣ್ಣದ ತಳಿಯೂ ಮಾರಾಟಕ್ಕಿರುತ್ತದೆ. ಎಳೆಯದಿದ್ದಾಗ ಪಾಚಿಯನ್ನು ಚೆನ್ನಾಗಿ ತಿನ್ನುತ್ತದೆ. ಬೆಳೆದಂತೆ ಜಗಳಗಂಟಿಯಾಗಿ, ಇತರ ಮೀನುಗಳ ಮೈಗೆ ಅಂಟಿ ಲೋಳೆಯನ್ನು ಹೀರತೊಡಗುತ್ತದೆ. 25 ಸೆಂ.ಮೀ.ವರೆಗೂ ಬೆಳೆಯಬಲ್ಲದು. ಇದನ್ನೂ ಬಿಡುವುದೇ ಲೇಸು.

4. ಸಯಾಮೀಸ್ ಆಲ್ಗೀ ಈಟರ್: ಬಾಯಿ ಅಂಟುವ ಬಗೆಯದಲ್ಲ. ಮೂತಿಯಿಂದ ಹೊರಟ ಕಪ್ಪು ಪಟ್ಟೆ ಬಾಲದ ಈಜುರೆಕ್ಕೆಯ ತುದಿಯವರೆಗೂ ಸಾಗುತ್ತದೆ. ಉಳಿದ ಈಜುರೆಕ್ಕೆಗಳಿಗೆ ಬಣ್ಣವಿಲ್ಲ. ಗಟ್ಟಿಯಾದ ಕಪ್ಪು ಕೂದಲಿನಂಥ ಪಾಚಿಯನ್ನೂ ತಿನ್ನುವ ಕೆಲವೇ ಮೀನುಗಳಲ್ಲಿ ಇದೊಂದು. ಸುಮಾರು 15 ಸೆಂ.ಮೀ. ಬೆಳೆಯುತ್ತದೆ, ಚುರುಕಾಗಿ ಈಜುತ್ತದೆ. ಇದಕ್ಕೆ ಕನಿಷ್ಠ 90 ಸೆಂ.ಮೀ. ಉದ್ದದ ತೊಟ್ಟಿ ಬೇಕು. ಇದನ್ನೇ ಹೋಲುವ ಫ್ಲೈಯಿಂಗ್ ಫಾಕ್ಸ್ ಎಂಬ ಮೀನಿಗೆ ಕಪ್ಪು ಪಟ್ಟೆಯ ಮೇಲೆ ಚಿನ್ನದ ಗೆರೆಯೂ, ಈಜುರೆಕ್ಕೆಗಳಲ್ಲಿ ಬಣ್ಣವೂ ಇರುತ್ತವೆ. ಅದು ತನ್ನ ಜಾತಿಯವುಗಳೊಡನೆ ಕಾದಾಡುತ್ತದೆ, ಪಾಚಿ ತಿನ್ನುವುದರಲ್ಲಿಯೂ ಹಿಂದೆ.

5. ಆಟೋಸಿಂಕ್ಲಸ್: 4 ಸೆಂ.ಮೀ. ಸುತ್ತಿನ ಪುಟ್ಟ ಮೀನು. ಗುಂಪಿನಲ್ಲಿರಬೇಕು. ಸೂಕ್ಷ್ಮ ಜಾತಿ, ಪಾಚಿಯಿಲ್ಲದ ಹೊಸ ತೊಟ್ಟಿಯಲ್ಲಿ ಹಸಿವಿನಿಂದ ಸಾಯುತ್ತದೆ. ಅನುಭವವಿಲ್ಲದವರಿಗೆ ಹೇಳಿದ್ದಲ್ಲ.

6. ಮೋಲಿ: ಮರಿ ಹಾಕುವ ಮೀನು. ಎಲೆ ಮತ್ತು ಗಾಜಿನ ಮೇಲಿನ ಎಳೆಯ ಪಾಚಿಯನ್ನು ದಿನವಿಡೀ ಕುಟುಕುತ್ತಿರುತ್ತದೆ. ಈ ಭಾಗದಲ್ಲಿ ಅನೇಕ ಕೊಳವೆಬಾವಿಗಳ ನೀರು ಗಡಸು. ಆಟೋಸಿಂಕ್ಲಸ್‌ನಂಥ ಮೀನುಗಳಿಗೆ ಅದು ಒಗ್ಗದು. ಮೋಲಿಗೆ ಗಡಸು ನೀರೇ ಹಿತ. ಆದಕಾರಣ ಚಾಮರಾಜನಗರ, ಗುಂಡ್ಲುಪೇಟೆಗಳ ಸಣ್ಣ ತೊಟ್ಟಿಗೆ ನಾಲ್ಕಾರು ಮೋಲಿಗಳೇ ಮೊದಲ ಆಯ್ಕೆಯಾಗಬೇಕು. ಹೆಣ್ಣು ಗಂಡು ಕೂಡಿದ್ದರೆ ಮರಿಗಳು ಬೇಗನೆ ಹೆಚ್ಚುತ್ತವೆ. ಬೇಡವಾದಲ್ಲಿ ಗಂಡುಗಳನ್ನಷ್ಟೇ ಇಟ್ಟುಕೊಳ್ಳಬಹುದು. ಹೊಟ್ಟೆಯ ಹಿಂಭಾಗದ ಈಜುರೆಕ್ಕೆ ಗಂಡಿನಲ್ಲಿ ಕಡ್ಡಿಯಂತಿದ್ದು, ಹೆಣ್ಣಿನಲ್ಲಿ ಬೀಸಣಿಗೆಯಂತಿರುತ್ತದೆ.

ನಮ್ಮ ಹಳ್ಳಗಳ ಬಂಡೆಗಳಿಗೆ ಅಂಟಿಕೊಂಡು ಪಾಚಿ ಕೆರೆದು ತಿನ್ನುವ ಗ್ಯಾರಾ ಎಂಬ ದೇಶೀಯ ಮೀನುಗಳೂ ಇವೆ. ಅವು ಹರಿಯುವ, ಗಾಳಿ ಬೆರೆತ ನೀರಿಗೆ ಒಗ್ಗಿದವು. ನಿಂತ ತೊಟ್ಟಿಯಲ್ಲಿ ಸೊರಗುತ್ತವೆ. ಬಂಡೀಪುರ ಮತ್ತು ಬಿಳಿಗಿರಿರಂಗನಬೆಟ್ಟದ ರಕ್ಷಿತಾರಣ್ಯಗಳ ಹಳ್ಳಗಳಿಂದ ಮೀನು ಹಿಡಿದು ತರುವುದು ಕಾನೂನಿಗೆ ವಿರುದ್ಧವೂ ಹೌದು.

ಸಾಕುವ ಕ್ರಮ

60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿಯ ಒಟ್ಟು ಅಳತೆ 54 ಲೀಟರ್. ಮರಳು, ಕಲ್ಲು ಕಳೆದು ನಿಲ್ಲುವ ನೀರು ಸುಮಾರು 45 ಲೀಟರ್. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಇಷ್ಟು ನೀರಿಗೆ ನಾಲ್ಕಾರು ಮೋಲಿಗಳು ಸಾಕು. ಇನ್ನೂ ದೊಡ್ಡ ತೊಟ್ಟಿಯಿದ್ದವರು ಒಂದು ಬ್ರಿಸಲ್‌ನೋಸ್ ಇಡಬಹುದು.

ತೊಟ್ಟಿಯನ್ನು ನೇರ ಬಿಸಿಲು ಬೀಳದ ಕಡೆ ಇಡಬೇಕು. ದೀಪ ದಿನಕ್ಕೆ 6ರಿಂದ 8 ಗಂಟೆ ಸಾಕು. ನೀರು ತುಂಬಿದ ದಿನವೇ ಮೀನುಗಳನ್ನೆಲ್ಲ ಬಿಡಬಾರದು; ಅಮೋನಿಯಾವನ್ನು ಮಾರ್ಪಡಿಸುವ ಸೂಕ್ಷ್ಮಾಣುಗಳು ಶೋಧಕದಲ್ಲಿ ನೆಲೆಗೊಳ್ಳಲು 4ರಿಂದ 6 ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಒಂದೆರಡು ಗಟ್ಟಿ ಮೀನುಗಳನ್ನು ಮಾತ್ರ ಇಟ್ಟು, ಆಹಾರವನ್ನು ಬಹಳ ಕಡಿಮೆ ಹಾಕಿ, ಆಗಾಗ ಸ್ವಲ್ಪ ನೀರು ಬದಲಿಸಬೇಕು. ಅನಂತರ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು. ನಲ್ಲಿಯ ನೀರಿಗೆ ಕ್ಲೋರಿನ್ ಬೆರೆಸಿದ್ದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಬಿಟ್ಟು ಬಳಸಬೇಕು. ಶೋಧಕವನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ತೊಳೆಯಬೇಕು. ನಲ್ಲಿ ನೀರಿನಲ್ಲಿ ಉಜ್ಜಿದರೆ ಉಪಯುಕ್ತ ಸೂಕ್ಷ್ಮಾಣುಗಳು ಸಾಯುತ್ತವೆ.

ಆಹಾರವನ್ನು ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ಪಾಚಿ ತಿನ್ನುವ ಮೀನು ಪಾಚಿಯಿಂದಲೇ ಬದುಕುತ್ತದೆಂಬ ನಂಬಿಕೆ ಸರಿಯಲ್ಲ. ಗಾಜು ಶುಭ್ರವಾದ ಮೇಲೆ ಅದಕ್ಕೆ ಹಸಿವು. ಸೌತೆಕಾಯಿ ಅಥವಾ ಕುಂಬಳಕಾಯಿಯ ತೆಳು ಹೋಳನ್ನು ಬಿಸಿನೀರಿನಲ್ಲಿ ಅದ್ದಿ, ತಣ್ಣಗಾದ ಮೇಲೆ ಸಂಜೆ ಹಾಕಿ, ಉಳಿದದ್ದನ್ನು ಬೆಳಿಗ್ಗೆ ತೆಗೆಯಬೇಕು. ಕೀಟನಾಶಕ ಸಿಂಪಡಿಸಿದ ತರಕಾರಿ ಬೇಡ. ಚೆಂಡುಹೂವಿಗೋ ಟೊಮೇಟೊಗೋ ಔಷಧಿ ಹೊಡೆದು ಬಂದವರು ಸೋಪಿನಿಂದ ಕೈ ತೊಳೆದು, ಸೋಪು ಹೋಗುವಂತೆ ನೀರಿನಲ್ಲಿ ಜಾಲಿಸಿಕೊಳ್ಳದೆ ತೊಟ್ಟಿಗೆ ಕೈ ಹಾಕಬಾರದು. ಕೆಲವು ಕೀಟನಾಶಕಗಳ ಅಲ್ಪಾಂಶವೂ ಮೀನಿಗೆ ಮಾರಕ.

ಕೆರೆಗೆ ಬಿಡುವುದು ಉಪಕಾರವಲ್ಲ

ಸಾಕಿದ ಜೀವವನ್ನು ಕೊಲ್ಲಲಾರದೆ ಕೆರೆಗೆ ಬಿಡುವವರ ಮನಸ್ಸು ಒಳ್ಳೆಯದೇ. ಪರಿಣಾಮ ಮಾತ್ರ ಒಳ್ಳೆಯದಲ್ಲ. ಸಕ್ಕರ್ ಮೀನು ನೀರಿನ ಮೇಲಿನ ಗಾಳಿಯನ್ನೂ ಉಸಿರಾಡಬಲ್ಲದು; ಆಮ್ಲಜನಕ ಕಡಿಮೆಯಾದ ಕೊಳಕು ನೀರಿನಲ್ಲಿಯೂ ಬದುಕುತ್ತದೆ. ಗಟ್ಟಿ ಕವಚದಿಂದಾಗಿ ಅದನ್ನು ತಿನ್ನುವ ಪ್ರಾಣಿಗಳು ಕಡಿಮೆ. ಮೊಟ್ಟೆಯಿಡಲು ದಡದ ಮಣ್ಣಿನಲ್ಲಿ ಬಿಲ ತೋಡುತ್ತದೆ. ಮಣ್ಣಿನ ಏರಿಯುಳ್ಳ ಕೆರೆಗಳ ಊರಿನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರ ಮುಳ್ಳುಗಳಿಗೆ ಸಿಕ್ಕಿ ಬಲೆ ಹರಿಯುತ್ತದೆ. ಹಿಡಿದ ಮೀನಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಕೇರಳ, ತಮಿಳುನಾಡು, ಆಂಧ್ರಪ್ರದೇಶ ಮತ್ತು ಪಶ್ಚಿಮ ಬಂಗಾಳದ ನೀರುಗಳಲ್ಲಿ ಈ ಮೀನು ಈಗಾಗಲೇ ಸೇರಿಕೊಂಡಿದೆ. ಮೆಕ್ಸಿಕೋ ದೇಶದ ಇನ್ಫಿಯೆರ್ನಿಯೊ ಜಲಾಶಯದಲ್ಲಿ ಇದೇ ಗುಂಪಿನ ಮೀನುಗಳು ಹೆಚ್ಚಿ ಬೆಸ್ತರ ಜೀವನೋಪಾಯಕ್ಕೇ ಪೆಟ್ಟು ಬಿದ್ದಿತು.

ಕಬಿನಿಯ ನೀರನ್ನು ಏತದಿಂದ ತಂದು ಈ ಎರಡು ತಾಲ್ಲೂಕುಗಳ ಹಲವು ಕೆರೆಗಳನ್ನು ತುಂಬಿಸಲಾಗುತ್ತಿದೆ. ಒಂದು ಕೆರೆಯ ಕೋಡಿ ಬಿದ್ದರೆ ನೀರು ಹಳ್ಳದ ಮೂಲಕ ಮುಂದಿನ ಕೆರೆಗೆ ಸಾಗುತ್ತದೆ. ಗುಂಡ್ಲು ಹೊಳೆ ಕಬಿನಿಯನ್ನೂ, ಸುವರ್ಣಾವತಿ ಕಾವೇರಿಯನ್ನೂ ಸೇರುತ್ತವೆ. ಒಂದು ಮನೆಯಿಂದ ಹೊರಟ ಮೀನಿಗೆ ಕಾವೇರಿಯವರೆಗೂ ದಾರಿಯಿದೆ. ಕಾವೇರಿ ಕಣಿವೆಗೇ ಮೀಸಲಾದ ಗೂನುಬೆನ್ನಿನ ಮಹಶೀರ್ ಮೀನು ಅಳಿವಿನ ಅಂಚಿನಲ್ಲಿದೆಯೆಂದು 2018ರಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿ ಸಾರಿತು. ಅದು ಉಳಿದಿರುವ ನೆಲೆಗಳಲ್ಲಿ ನಮ್ಮ ಗಡಿಯ ಮೋಯಾರ್ ಹೊಳೆಯೂ ಒಂದು. ಹೊರಗಿನ ಮೀನುಗಳಿಂದ ಇಂಥವಕ್ಕೆ ಕಷ್ಟ ಹೆಚ್ಚುತ್ತದೆ.

ಬಂಡೀಪುರದ ಕಾಡಿನಲ್ಲಿ ಹಬ್ಬಿರುವ ಲಂಟಾನವನ್ನು ಎಲ್ಲರೂ ನೋಡಿದ್ದಾರೆ. ಹೂವಿನ ಅಂದಕ್ಕೆಂದು ಹೊರದೇಶದಿಂದ ತೋಟಕ್ಕೆ ಬಂದ ಗಿಡವದು. ಇಂದು ಅದನ್ನು ಕಿತ್ತು ಮುಗಿಸಲು ಆಗುತ್ತಿಲ್ಲ. ನೆಲದ ಮೇಲಿನ ಕಳೆಯನ್ನಾದರೂ ಕಣ್ಣಿಂದ ನೋಡಬಹುದು. ನೀರೊಳಗಿನ ಕಳೆ ಬಲೆಗೆ ಬಿದ್ದಾಗಲೇ ತಿಳಿಯುವುದು.

ಬೇಡವಾದ ಮೀನನ್ನು ಅಂಗಡಿಗೆ ಹಿಂದಿರುಗಿಸಬೇಕು, ಇಲ್ಲವೇ ದೊಡ್ಡ ತೊಟ್ಟಿಯುಳ್ಳವರಿಗೆ ಕೊಡಬೇಕು. ಕೆರೆ, ಕಾಲುವೆ ಮಾತ್ರವಲ್ಲ, ಬಾವಿಗೂ ಕೃಷಿ ಹೊಂಡಕ್ಕೂ ಬಿಡಬಾರದು. ಮಳೆಗಾಲದಲ್ಲಿ ಹೊಂಡ ತುಂಬಿ ಹರಿಯುತ್ತದೆ. ತೊಟ್ಟಿಯಿಂದ ತೆಗೆದ ನೀರನ್ನು ಚರಂಡಿಗೆ ಚೆಲ್ಲದೆ ಹಿತ್ತಲಿನ ಗಿಡಗಳಿಗೆ ಹಾಕಿದರೆ ಅದರ ನೈಟ್ರೇಟ್ ಸದುಪಯೋಗವಾಗುತ್ತದೆ. ಕೃಷಿ ಹೊಂಡದಲ್ಲಿ ಮೀನು ಸಾಕಬೇಕೆನ್ನುವವರು ಮೀನುಗಾರಿಕೆ ಇಲಾಖೆಯನ್ನೋ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನೋ ವಿಚಾರಿಸಿ, ತಕ್ಕ ಜಾತಿಯ ಮರಿಗಳನ್ನು ಪಡೆಯುವುದು ಕ್ಷೇಮ. ವಿಸ್ತರಣಾ ಕಾರ್ಯಕರ್ತರು ಶಾಲೆಗಳಿಗೆ ಹೋದಾಗ ಈ ವಿಷಯವನ್ನು ಮಕ್ಕಳಿಗೆ ತಿಳಿಸಬೇಕು. ಮೀನು ಬೇಕೆಂದು ಹಟ ಹಿಡಿಯುವವರೂ, ಅದು ದೊಡ್ಡದಾದಾಗ ಕೆರೆಗೆ ಒಯ್ಯುವವರೂ ಬಹುಮಟ್ಟಿಗೆ ಅವರೇ.

ಬಿತ್ತನೆ ಬೀಜ ಕೊಳ್ಳುವಾಗ ತಳಿ ಯಾವುದು, ಎಷ್ಟು ಎತ್ತರ ಬೆಳೆಯುತ್ತದೆ, ಎಂಥ ನೆಲಕ್ಕೆ ಹೊಂದುತ್ತದೆ ಎಂದು ರೈತರು ಕೇಳಿಯೇ ಕೇಳುತ್ತಾರೆ. ಮೀನು ಕೊಳ್ಳುವಾಗಲೂ ಅದೇ ಮೂರು ಪ್ರಶ್ನೆ ಕೇಳಬೇಕು: ಜಾತಿ ಯಾವುದು, ಎಷ್ಟು ದೊಡ್ಡದಾಗುತ್ತದೆ, ಎಂಥ ನೀರು ಬೇಕು? ಅಂಗಡಿಯವರಿಂದ ಉತ್ತರ ಬಾರದಿದ್ದರೆ ಆ ಮೀನನ್ನು ಅಲ್ಲಿಯೇ ಬಿಟ್ಟು ಬರುವುದು ಒಳ್ಳೆಯದು. ಗಾಜಿನ ಪಾಚಿಯನ್ನು ಒರೆಸಲು ಒಂದು ತುಂಡು ಹೊಸ ಸ್ಪಂಜೂ ಸಾಕಾಗುತ್ತದೆ.