ಪಾಲಿಹೌಸ್ ಬೇಸಾಯ ಬಾಳಿಕೆ ಬರಬೇಕಾದರೆ

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ನಡೆದ ರೈತ ಗೋಷ್ಠಿಯಲ್ಲಿ ಪಾಲಿಹೌಸ್ ಬೆಳೆಗಾರರ ಪರವಾಗಿ ಮಾಡಿದ ಭಾಷಣ)



1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ರೈತನಿಗಿದ್ದ ದೊಡ್ಡ ಚಿಂತೆ ಸಾಲದ್ದು. ಇವತ್ತು ಆ ಚಿಂತೆಯ ಜೊತೆಗೆ ನೀರು ಮತ್ತು ಮಣ್ಣಿನ ಚಿಂತೆಯೂ ಸೇರಿಕೊಂಡಿದೆ. ಪಾಲಿಹೌಸ್ ಕಟ್ಟಿದವರಿಗಂತೂ ಮೂರೂ ಒಟ್ಟಿಗೇ ಬರುತ್ತವೆ.

ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಈ ಬಯಲು ಸೀಮೆಯಲ್ಲಿ ಪಾಲಿಹೌಸ್ ಹಬ್ಬಿದ್ದು ಸರ್ಕಾರದ ಸಹಾಯಧನದಿಂದ. 2005ರಲ್ಲಿ ರಾಷ್ಟ್ರೀಯ ತೋಟಗಾರಿಕೆ ಮಿಷನ್ ಬಂತು, 2014ರಲ್ಲಿ ರಾಜ್ಯದ ಕೃಷಿ ಭಾಗ್ಯ ಯೋಜನೆ ಬಂತು. ಬಣ್ಣದ ಕ್ಯಾಪ್ಸಿಕಂ, ಜರ್ಬೆರಾ, ಗುಲಾಬಿ ಬೆಳೆದು ನಮ್ಮವರು ಪೇಟೆಗೆ ಕಳಿಸಿದರು. ಚಿಕ್ಕ ಹಿಡುವಳಿಯವರೂ ಮಕ್ಕಳನ್ನು ಓದಿಸಿದರು. ಆದರೆ ಹೆದ್ದಾರಿ ಪಕ್ಕ ಹೋಗುವಾಗ ಇನ್ನೊಂದು ನೋಟವೂ ಕಣ್ಣಿಗೆ ಬೀಳುತ್ತದೆ. ಶೀಟು ಹರಿದು ಜೋತಾಡುತ್ತಾ, ಬರೀ ಪೈಪುಗಳು ನಿಂತಿರುವ ಪಾಲಿಹೌಸ್‌ಗಳು. ಬೆಳೆ ನಿಂತಿದೆ, ಸಾಲದ ಕಂತು ನಿಂತಿಲ್ಲ. 2020ರ ಲಾಕ್‌ಡೌನಿನಲ್ಲಿ ಹೂವು ತಿಪ್ಪೆ ಸೇರಿದ್ದನ್ನು ಯಾರೂ ಮರೆತಿಲ್ಲ. ಮಾರುಕಟ್ಟೆ ಬಿದ್ದರೆ ಮತ್ತೆ ಎದ್ದೀತು, ನೀರು-ಮಣ್ಣು ಕೈಬಿಟ್ಟರೆ ಏಳೋದು ಕಷ್ಟ. ಅದಕ್ಕೇ ಇವತ್ತು ಆ ವಿಷಯ ಮಾತಾಡೋಣ.

ಪಾಲಿಹೌಸ್ ಅಂದರೆ ಏನು? ಮಳೆಯನ್ನು ಹೊರಗಿಟ್ಟು ಮಾಡುವ ಬೇಸಾಯ. ಬಯಲು ಹೊಲದಲ್ಲಿ ಮಳೆರಾಯ ಭೂಮಿಗೆ ನೀರು ಕೊಡುತ್ತಾನೆ, ಮಣ್ಣಿನ ಉಪ್ಪು ತೊಳೆಯುತ್ತಾನೆ, ಎಲೆ ಮೇಲಿನ ಹುಳ ಉದುರಿಸುತ್ತಾನೆ. ಮೇಲೆ ಶೀಟು ಹಾಕಿದ ಮೇಲೆ ಈ ಕೆಲಸವನ್ನೆಲ್ಲ ನಾವೇ ಮಾಡಬೇಕು. ಪಾಲಿಹೌಸ್ ಬಾಳಿಕೆ ಬರುವುದು ಬಿಡುವುದು ಇದರ ಮೇಲೆ ನಿಂತಿದೆ.

ಮೊದಲು ನೀರು. ನಮ್ಮ ಕಡೆ ಕೊಳವೆಬಾವಿ ಸಾವಿರ ಅಡಿ ದಾಟಿರುವುದು ಎಲ್ಲರಿಗೂ ಗೊತ್ತು. ಈಗ ಒಂದು ಲೆಕ್ಕ ನೋಡಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆ ಪಾಲಿಹೌಸ್ ಅಂದರೆ ಹತ್ತಿರ ಹತ್ತಿರ 4,000 ಚದರ ಮೀಟರ್. ವರ್ಷಕ್ಕೆ 700 ಮಿ.ಮೀ. ಮಳೆ ಅಂತ ಹಿಡಿದರೆ ಚಾವಣಿ ಮೇಲೆ 28 ಲಕ್ಷ ಲೀಟರ್ ಬೀಳುತ್ತದೆ. ಐದನೇ ಒಂದು ಭಾಗ ಪೋಲಾಯಿತು ಅಂದುಕೊಂಡರೂ 22 ಲಕ್ಷ ಲೀಟರ್ ಉಳಿಯಿತು. ಹನಿ ನೀರಾವರಿಯಲ್ಲಿ ದಿನಕ್ಕೆ 10ರಿಂದ 12 ಸಾವಿರ ಲೀಟರ್ ಕೊಟ್ಟರೆ ಇದು ಆರೇಳು ತಿಂಗಳ ನೀರು! ಇಷ್ಟು ನೀರನ್ನು ಚರಂಡಿಗೆ ಬಿಟ್ಟು ಪಾತಾಳದಿಂದ ಎತ್ತುವುದು ಯಾವ ನ್ಯಾಯ?

ಅಷ್ಟನ್ನೂ ಒಮ್ಮೆಗೇ ಹಿಡಿದಿಡುವ ಹೊಂಡ ಬೇಕಿಲ್ಲ, ತುಂಬಿದಂತೆಲ್ಲ ಬಳಸುತ್ತಿರುತ್ತೇವೆ. ಓರೆ ಬದಿಯ, 21 ಮೀಟರ್ ಉದ್ದಗಲ, 3 ಮೀಟರ್ ಆಳದ ಹೊಂಡ ಸುಮಾರು 9ರಿಂದ 10 ಲಕ್ಷ ಲೀಟರ್ ಹಿಡಿಯುತ್ತದೆ. ತಳಕ್ಕೆ ಟಾರ್ಪಾಲು ಹಾಸಬೇಕು, ಮೇಲೆ ನೆರಳು ಪರದೆ ಕಟ್ಟಿದರೆ ಆವಿಯಾಗುವುದು ಕಡಿಮೆ. ಸುತ್ತ ಬೇಲಿ ಮಾತ್ರ ಕಡ್ಡಾಯ. ಟಾರ್ಪಾಲು ಜಾರುತ್ತದೆ, ಬಿದ್ದ ಮಕ್ಕಳು ಹತ್ತಿ ಬರಲಾರರು. ದಯವಿಟ್ಟು ಇದನ್ನು ಮರೆಯಬೇಡಿ.

ಎರಡನೆಯದು ಉಪ್ಪು. ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪೊರೆ ಕಟ್ಟುವುದನ್ನು ತಾಯಂದಿರು ದಿನಾ ನೋಡುತ್ತೀರಿ. ಅದೇ ಕೊಳವೆಬಾವಿ ನೀರು ಪಾಲಿಹೌಸಿಗೂ ಹೋಗುತ್ತದೆ. ಇ.ಸಿ. ಒಂದು ಇರುವ ನೀರಿನಲ್ಲಿ ಲೀಟರಿಗೆ ಸುಮಾರು 640 ಮಿಲಿಗ್ರಾಂ ಲವಣ ಇರುತ್ತದೆ. ದಿನಕ್ಕೆ 10 ಸಾವಿರ ಲೀಟರಿನಂತೆ 300 ದಿನ ಕೊಟ್ಟರೆ ಎಕರೆಗೆ ಹೆಚ್ಚುಕಡಿಮೆ ಎರಡು ಟನ್! ಇದರ ಮೇಲೆ ನಾವು ಹಾಕುವ ಗೊಬ್ಬರದ ಉಪ್ಪು ಬೇರೆ. ಗಿಡ ಸ್ವಲ್ಪ ತಗೊಳ್ಳುತ್ತದೆ, ಉಳಿದದ್ದು ಬೇರಿನ ಸುತ್ತ ಕೂರುತ್ತದೆ. ಎಲೆ ಅಂಚು ಸುಟ್ಟಂತಾದಾಗ ಗೊಬ್ಬರ ಸಾಲದು ಅಂತ ಮತ್ತೆ ಸುರಿದರೆ ಗಾಯದ ಮೇಲೆ ಬರೆ ಎಳೆದಂತೆ. ಮಳೆ ನೀರಿನಲ್ಲಿ ಈ ಲವಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹೊಂಡದ ನೀರನ್ನು ಬೋರಿನ ನೀರಿಗೆ ಬೆರೆಸಿ ಕೊಡುವುದರಿಂದ ನೀರೂ ಉಳಿಯಿತು, ಮಣ್ಣೂ ಉಳಿಯಿತು. ಗೊಬ್ಬರ ಹಾಕುವ ಮುಂಚೆ ಮಣ್ಣು, ನೀರು ಪರೀಕ್ಷೆ ಮಾಡಿಸಲೇಬೇಕು.

ಮೂರನೆಯದು ಬೇರುಗಂಟಿನ ಜಂತುಹುಳ, ನೆಮಟೋಡ್ ಅಂತೀವಲ್ಲ, ಅದು. ಕ್ಯಾಪ್ಸಿಕಂ, ಟೊಮೆಟೊ, ಸೌತೆ, ಜರ್ಬೆರಾ ಯಾವುದನ್ನೂ ಬಿಡುವುದಿಲ್ಲ. ಒಂದೇ ಬೆಳೆ ಮತ್ತೆ ಮತ್ತೆ ಹಾಕಿದರೆ ಅದಕ್ಕೆ ಹಬ್ಬ. ಘಾಟಿನ ಔಷಧಿ ಸುರಿದು ಮಣ್ಣನ್ನೇ ಸುಟ್ಟರೆ ಒಳ್ಳೆಯ ಜೀವಿಗಳೂ ಸಾಯುತ್ತವೆ, ಹುಳ ಮಾತ್ರ ವಾಪಸ್ ಬರುತ್ತದೆ. ಇದಕ್ಕೆ ದಾರಿ ಇದೆ. ಏಪ್ರಿಲ್-ಮೇ ಬಿಸಿಲಲ್ಲಿ ಮಡಿಗೆ ಹದವಾಗಿ ನೀರು ಕೊಟ್ಟು, ತೆಳು ಪಾರದರ್ಶಕ ಶೀಟು ಹೊದಿಸಿ ನಾಲ್ಕರಿಂದ ಆರು ವಾರ ಬಿಡಬೇಕು. ಬೇವಿನ ಹಿಂಡಿ ಮತ್ತು ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮಾ, ಸೂಡೊಮೊನಾಸ್, ಪೆಸಿಲೋಮೈಸಿಸ್ ಬೆರೆಸಿ, ನೆರಳಲ್ಲಿ ತೇವ ಆರದಂತೆ ಸುಮಾರು ಹದಿನೈದು ದಿನ ಇಟ್ಟು ಆಮೇಲೆ ಮಡಿಗೆ ಹಾಕಬೇಕು. ನಡುವೆ ಒಂದು ಬೆಳೆ ಚೆಂಡು ಹೂ ಹಾಕಿದರೆ ಅದರ ಬೇರೇ ಜಂತುಹುಳವನ್ನು ತಗ್ಗಿಸುತ್ತದೆ, ಹೂವಿಗೆ ಕಾಸೂ ಬರುತ್ತದೆ. ನರ್ಸರಿಯಿಂದ ಸಸಿ ತರುವಾಗ ನಾಲ್ಕು ಸಸಿ ಕಿತ್ತು ಬೇರು ನೋಡಿಯೇ ತನ್ನಿ.

ಇನ್ನು ಔಷಧಿ ಸಿಂಪಡಣೆ. ಥ್ರಿಪ್ಸ್, ಮೈಟ್ಸ್, ಬಿಳಿ ನೊಣಕ್ಕೆ ವಾರಕ್ಕೆರಡು ಸಲ ಹೊಡೆಯುವವರಿದ್ದಾರೆ. ಒಳಗೆ ಗಾಳಿ ಆಡುವುದು ಕಡಿಮೆ. ಆ ಘಾಟು ಕುಡಿಯುವವರು ಯಾರು? ಕಾಯಿ ಬಿಡಿಸುವ ನಮ್ಮ ಹೆಣ್ಣುಮಕ್ಕಳು. ಸ್ಪೇನ್ ದೇಶದ ಅಲ್ಮೇರಿಯಾದಲ್ಲಿ ಕಣ್ಣು ಹಾಯಿಸಿದಷ್ಟೂ ಪ್ಲಾಸ್ಟಿಕ್ ಚಾವಣಿ. 2006ರ ಕೊನೆಗೆ ಅಲ್ಲಿನ ಕ್ಯಾಪ್ಸಿಕಂನಲ್ಲಿ ಅನುಮತಿ ಇಲ್ಲದ ಕೀಟನಾಶಕ ಜರ್ಮನಿಯಲ್ಲಿ ಪತ್ತೆಯಾಯಿತು. ಕೊಳ್ಳುವವರು ಹಿಂದೆ ಸರಿದರು. 2007ರಿಂದ ಅಲ್ಲಿನ ಬೆಳೆಗಾರರು ಹುಳ ತಿನ್ನುವ ಮಿತ್ರಕೀಟಗಳ ಕಡೆಗೆ ತಿರುಗಿದರು, ಕೆಲವೇ ವರ್ಷಗಳಲ್ಲಿ ಕ್ಯಾಪ್ಸಿಕಂನ ಬಹುಭಾಗ ಆ ದಾರಿಗೆ ಬಂತು. ಪೆಟ್ಟು ಬೀಳುವ ಮೊದಲೇ ನಾವು ಎಚ್ಚರಾದರೆ ಒಳ್ಳೆಯದಲ್ಲವೇ? ಎರಡು ಬಾಗಿಲು ಇಡೋಣ, ಹರಿದ ಪರದೆ ಅದೇ ದಿನ ಹೊಲಿಯೋಣ, ಹಳದಿ-ನೀಲಿ ಅಂಟು ಕಾರ್ಡು ತೂಗುಹಾಕಿ ಹುಳ ಎಷ್ಟು ಅಂತ ನೋಡಿ ಆಮೇಲೆ ಪಂಪಿಗೆ ಕೈ ಹಾಕೋಣ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪನ್ನು ಮೊದಲು ಬಳಸೋಣ.

ಇವೆಲ್ಲ ಒಬ್ಬೊಬ್ಬರಿಂದ ಆಗುವ ಕೆಲಸವಲ್ಲ. ಆದ್ದರಿಂದ ಸಂಘದ ಮುಂದೆ ಐದು ಬೇಡಿಕೆ ಇಡುತ್ತಿದ್ದೇವೆ.

1. ಪಾಲಿಹೌಸ್ ಸಾಲದ ಅರ್ಜಿಯ ಜೊತೆಗೇ ಮಳೆ ನೀರು ಹೊಂಡದ ನಕ್ಷೆಯೂ ಇರಬೇಕು. 2023-24ರ ರಾಜ್ಯ ಬಜೆಟ್ಟಿನಲ್ಲಿ ಶೇ. 3ರ ಬಡ್ಡಿಯ ಮಧ್ಯಮಾವಧಿ, ದೀರ್ಘಾವಧಿ ಸಾಲದ ಮಿತಿಯನ್ನು 10 ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿಸಲಾಯಿತು. ಅಂಥ ಸಾಲ ಹೊಂಡಕ್ಕೆ ಸಿಗುವಂತೆ ಸಂಘ ಪ್ರಯತ್ನಿಸಬೇಕು.

2. ಒಂದು ಇ.ಸಿ. ಮೀಟರು ಕೊಂಡು ಸಂಘದ ಕಚೇರಿಯಲ್ಲಿಡಬೇಕು.

3. ಬೇವಿನ ಹಿಂಡಿ, ಜೈವಿಕ ಗೊಬ್ಬರವನ್ನು ಒಟ್ಟಿಗೆ ತರಿಸಿ ಗೋದಾಮಿನಲ್ಲಿ ಮಾರಬೇಕು.

4. ಎಲ್ಲರೂ ಒಂದೇ ತಿಂಗಳು ಕ್ಯಾಪ್ಸಿಕಂ ನಾಟಿ ಮಾಡಿ ಬೆಲೆ ಬೀಳಿಸಿಕೊಳ್ಳದಂತೆ, ವರ್ಷಕ್ಕೊಮ್ಮೆ ಕೂತು ನಾಟಿ ಪಟ್ಟಿ ಮಾಡಬೇಕು.

5. ಮೂರ್ನಾಲ್ಕು ವರ್ಷಕ್ಕೆ ಬದಲಿಸುವ ಹಳೇ ಶೀಟನ್ನು ಬದುವಿನಲ್ಲಿ ಸುಡದೆ, ಸಂಘವೇ ಸಂಗ್ರಹಿಸಿ ಮರುಬಳಕೆಯವರಿಗೆ ಕೊಡಬೇಕು.

ಸಹಾಯಧನ ಒಂದು ಸಲ ಬರುತ್ತದೆ, ಭೂಮಿ ನಮ್ಮ ಮಕ್ಕಳಿಗೂ ಬೇಕು. ಈ ಮುಂಗಾರಿಗೆ ಕನಿಷ್ಠ ಹತ್ತು ಪಾಲಿಹೌಸ್‌ಗಳ ಚಾವಣಿ ನೀರು ಹೊಂಡಕ್ಕೆ ಇಳಿಯಲಿ. ಬೆಳ್ಳಿ ಹಬ್ಬದ ನೆನಪಿಗೆ ಇದಕ್ಕಿಂತ ದೊಡ್ಡ ಕಾಣಿಕೆ ಬೇಕಿಲ್ಲ. ಸಂಘ ಚಿನ್ನದ ಹಬ್ಬವನ್ನೂ ಕಾಣಲಿ ಎಂದು ಹಾರೈಸುತ್ತೇವೆ.

ಜೈ ಸಹಕಾರ!