ರಾತ್ರಿ 9ರ ಗೇಟು: ಇಬ್ಬರೂ ಸರಿ ಇದ್ದಾಗ ಏನ್ ಮಾಡೋದು?

  ಇವತ್ತಿನ ವಿಷಯದ ಹೆಸರು ಸ್ವಲ್ಪ ಭಾರ: ನೈತಿಕ ಬಹುತ್ವ ಮತ್ತು ಸದ್ಗುಣ ನೀತಿ. ಹೆದರ್ಕೋಬೇಡಿ. ಇದನ್ನ ಅರ್ಥ ಮಾಡ್ಕೊಳ್ಳೋಕೆ ಗ್ರೀಸಿಗೆ ಹೋಗ್ಬೇಕಾಗಿಲ್ಲ. ಗುಂಡ್ಲುಪೇಟೆಯಿಂದ ಕೇರಳದ ಕಡೆ ಹೋಗೋ ರಸ್ತೇಲಿ ಮದ್ದೂರು ಚೆಕ್‌ಪೋಸ್ಟ್‌ವರೆಗೆ ಹೋದ್ರೆ ಸಾಕು.

ಅಲ್ಲೊಂದು ಗೇಟಿದೆ. ರಾತ್ರಿ 9 ಗಂಟೆಗೆ ಮುಚ್ಚುತ್ತೆ, ಬೆಳಗ್ಗೆ 6ಕ್ಕೆ ತೆಗೆಯುತ್ತೆ. ಮುಂದಕ್ಕೆ ಬಂಡೀಪುರ ಹುಲಿ ರಕ್ಷಿತಾರಣ್ಯ, ಅದನ್ನ ದಾಟಿದ್ರೆ ವಯನಾಡು, ಸುಲ್ತಾನ್ ಬತ್ತೇರಿ. ಹಳಬರು ಇದನ್ನ ನ್ಯಾಷನಲ್ ಹೈವೇ 212 ಅಂತಾರೆ, ಈಗಿನ ನಂಬರ್ 766. ಊಟಿ ಕಡೆ ಹೋಗೋ ರಸ್ತೇಲೂ ಇದೇ ನಿಯಮ.

ಮೊದಲು ಕಥೆ ಚುಟುಕಾಗಿ ಹೇಳ್ಬಿಡ್ತೀನಿ. 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ ಸಂಚಾರ ನಿಷೇಧಿಸಿ ಆದೇಶ ಹೊರಡಿಸಿದ್ರು. ಕೆಲವೇ ದಿನಕ್ಕೆ ಅದು ವಾಪಸ್ಸಾಯ್ತು. ವಿಷಯ ಹೈಕೋರ್ಟಿಗೆ ಹೋಯ್ತು. 2010ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ನಿಷೇಧವನ್ನ ಎತ್ತಿ ಹಿಡೀತು. ಆ್ಯಂಬುಲೆನ್ಸ್‌ನಂಥ ತುರ್ತು ವಾಹನಕ್ಕೆ, ಎರಡೂ ರಾಜ್ಯಗಳ ಕೆಲವೇ ಕೆಲವು ಬಸ್ಸಿಗೆ ವಿನಾಯಿತಿ ಸಿಕ್ತು. ಕೇರಳ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. 2019ರಲ್ಲಿ ಹಗಲೂ ರಸ್ತೆ ಮುಚ್ತಾರಂತೆ ಅನ್ನೋ ಆತಂಕ ಎದ್ದಾಗ ಸುಲ್ತಾನ್ ಬತ್ತೇರೀಲಿ ಜನ ಬೀದಿಗಿಳಿದ್ರು, ಯುವಕರು ಉಪವಾಸ ಕೂತ್ರು.

ಈ ಬಗ್ಗೆ ಯಾವ ವಿಡಿಯೊ ಬಂದ್ರೂ ಕೆಳಗಿನ ಕಮೆಂಟ್ ನೋಡಿ. ಒಂದು ಕಡೆ "ಕಾಡಿನ ಶತ್ರುಗಳು", ಇನ್ನೊಂದು ಕಡೆ "ಮನುಷ್ಯರಿಗಿಂತ ಪ್ರಾಣಿ ಹೆಚ್ಚಾ?" ಯಾರೋ ಒಬ್ರು ಕೆಟ್ಟವರು ಇರಲೇಬೇಕು ಅಂತ ಎಲ್ಲರೂ ಮೊದಲೇ ತೀರ್ಮಾನ ಮಾಡ್ಕೊಂಡಿರ್ತಾರೆ. ಹಾಗಿಲ್ದಿದ್ರೆ? ಎರಡೂ ಕಡೆಯವರು ಕಾಪಾಡೋಕೆ ಹೊರಟಿರೋದು ನಿಜಕ್ಕೂ ಒಳ್ಳೇದೇ ಆಗಿದ್ರೆ?

ನಮ್ಮ ಮಾವ ಗುಂಡ್ಲುಪೇಟೆಯಿಂದ ಕೋಳಿಕೋಡಿಗೆ ತರಕಾರಿ ಲೋಡ್ ಹೊಡೀತಾರೆ. ಈ ಎಪಿಸೋಡಿಗೆ ಅವರನ್ನ ಕೇಳ್ದೆ. ಅವರು ಹೇಳಿದ್ದು ಇಷ್ಟು: "ಕಾಡು ನಮ್ದೂ ಅಲ್ವೇನಪ್ಪ? ಆನೆ ಸತ್ರೆ ನಂಗೇನ್ ಖುಷೀನಾ? ಆದ್ರೆ ಗಾಡೀಲಿರೋ ಟೊಮ್ಯಾಟೊ ಬೆಳಗಾನ ಕಾಯ್ತದಾ ಹೇಳು." ಸಂತೆಮಾಳದಲ್ಲಿ ಲೋಡಾಗೋದು ಅರ್ಧ ಗಂಟೆ ತಡ ಆದ್ರೆ ಇಡೀ ರಾತ್ರಿ ಹೋಯ್ತು. ಬೆಳಗಿನ ಮಾರ್ಕೆಟ್ಟಿಗೆ ತಲುಪದ ತರಕಾರಿಗೆ ರೇಟ್ ಬಿದ್ದುಹೋಗುತ್ತೆ. ಹುಣಸೂರು, ಗೋಣಿಕೊಪ್ಪ, ಕುಟ್ಟ ಮೇಲೆ ಮಾನಂದವಾಡಿಗೆ ಬೇರೆ ದಾರಿ ಇದೆ. ಆದ್ರೆ ಗುಂಡ್ಲುಪೇಟೆಯವರು ಅದನ್ನ ಹಿಡೀಬೇಕಂದ್ರೆ ಮೊದಲು ಬಂದ ದಿಕ್ಕಿಗೇ ವಾಪಸ್ ಹೋಗ್ಬೇಕು. ಡೀಸೆಲ್ ದುಡ್ಡು ಯಾರು ಕೊಡ್ತಾರೆ?

ಈಗ ಇನ್ನೊಂದು ಕಡೆ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದಲ್ಲಿ ಮೊದಲು ಆರಿಸಿದ 9 ಕಾಡುಗಳಲ್ಲಿ ಬಂಡೀಪುರವೂ ಒಂದು. ನಾಗರಹೊಳೆ, ಮುದುಮಲೈ, ವಯನಾಡು ಎಲ್ಲ ಅದಕ್ಕೆ ಅಂಟಿಕೊಂಡೇ ಇವೆ. ಆನೆಗೆ ರಾಜ್ಯದ ಗಡಿ ಗೊತ್ತಿಲ್ಲ, ನೀರು ಮೇವು ಎಲ್ಲಿದ್ಯೋ ಅಲ್ಲಿಗೆ ನಡೆಯುತ್ತೆ. ತುಂಬಾ ಪ್ರಾಣಿಗಳು ಓಡಾಡೋದು ಕತ್ತಲಾದ ಮೇಲೆ. ಹೆಡ್‌ಲೈಟ್ ಕಣ್ಣಿಗೆ ಬಿದ್ರೆ ಜಿಂಕೆ ಓಡಲ್ಲ, ನಿಂತುಬಿಡುತ್ತೆ. ಅದಕ್ಕೆ ಗಾಡಿ ಅಂದ್ರೇನು ಅಂತ ಕಲಿಸೋಕಾಗಲ್ಲ. ಕೋರ್ಟಿಗೆ ಹೋಗೋಕಂತೂ ಅದಕ್ಕಾಗಲ್ಲ.

ನಾನು ಬಿ.ಕಾಂ. ಓದಿದೋನು. ಇಂಥ ಸಮಸ್ಯೆ ಬಂದ್ರೆ ಕೈ ಸೀದಾ ಲೆಕ್ಕಕ್ಕೇ ಹೋಗುತ್ತೆ. ಈ ಕಡೆ ನಷ್ಟ ಎಷ್ಟು, ಆ ಕಡೆ ಲಾಭ ಎಷ್ಟು, ಕಳೆದು ನೋಡು. ಟೊಮ್ಯಾಟೊಗೆ ರೇಟ್ ಹಾಕ್ಬೋದು. ಡೀಸೆಲ್‌ಗೂ ಹಾಕ್ಬೋದು. ರಾತ್ರಿ ತಾಯಿ ಹಿಂದೆ ರಸ್ತೆ ದಾಟೋ ಆನೆ ಮರಿಗೆ? ಒಂದು ಅಂಕಿ ಬರೀಬೋದು ಅನ್ನಿ. ಆದ್ರೆ ಆ ಅಂಕಿ ಎಲ್ಲಿಂದ ಬಂತು ಅಂತ ಕೇಳಿದ್ರೆ, ನಮ್ಮ ತೀರ್ಮಾನವನ್ನ ಮೊದಲೇ ಮಾಡ್ಕೊಂಡು ಆಮೇಲೆ ಅದಕ್ಕೊಂದು ಬೆಲೆ ಅಂಟಿಸಿದ್ದೀವಿ ಅಂತ ಗೊತ್ತಾಗುತ್ತೆ.

ಇಲ್ಲೇ ನೈತಿಕ ಬಹುತ್ವ ಬರೋದು. ಇಸೈಯಾ ಬರ್ಲಿನ್ ಅಂತ ಒಬ್ಬರು ಚಿಂತಕರು. 1909ರಲ್ಲಿ ರೀಗಾದಲ್ಲಿ ಹುಟ್ಟಿ ಆಕ್ಸ್‌ಫರ್ಡ್‌ನಲ್ಲಿ ಪಾಠ ಮಾಡಿದವರು. ಅವರ ವಾದದ ತಿರುಳು ಇದು: ಮನುಷ್ಯರು ಬಯಸೋ ಒಳ್ಳೇದು ಒಂದೇ ಅಲ್ಲ, ಹಲವು. ಎಲ್ಲವೂ ನಿಜವಾದ ಒಳ್ಳೇದೇ. ಆದ್ರೂ ಅವು ಒಂದಕ್ಕೊಂದು ಡಿಕ್ಕಿ ಹೊಡೀಬೋದು, ಮತ್ತೆ ಎಲ್ಲವನ್ನೂ ತೂಗೋಕೆ ಒಂದೇ ತಕ್ಕಡಿ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಇದು "ಅವರವರಿಗೆ ಅವರವರದ್ದೇ ಸರಿ" ಅನ್ನೋ ಮಾತಲ್ಲ. ಹಾಗಂದ್ರೆ ಕಳ್ಳಬೇಟೆ ಆಡೋನೂ "ನಂದೂ ಒಂದು ಅಭಿಪ್ರಾಯ" ಅಂದು ತಪ್ಪಿಸ್ಕೊಳ್ತಾನೆ. ಮೌಲ್ಯಗಳು ಹಲವು ಅಂದ ಮಾತ್ರಕ್ಕೆ ಕಂಡಿದ್ದೆಲ್ಲ ಮೌಲ್ಯ ಆಗಲ್ಲ. ಮಾವನ ದುಡಿಮೆ ಒಂದು ಮೌಲ್ಯ, ಕಾಡಿನ ಜೀವ ಒಂದು ಮೌಲ್ಯ. ಜೋರಾಗಿ ಗಾಡಿ ಓಡಿಸೋ ಥ್ರಿಲ್ ಆ ಸಾಲಲ್ಲಿ ನಿಲ್ಲಲ್ಲ.

ಇದಕ್ಕೂ ಮೊದಲೇ, 1930ರಲ್ಲಿ ಡಬ್ಲ್ಯು.ಡಿ. ರಾಸ್ ಅನ್ನೋರು ಇದೇ ದಾರೀಲಿ ಯೋಚಿಸಿದ್ರು. ಕೊಟ್ಟ ಮಾತು ಉಳಿಸ್ಕೊಳ್ಳೋದು, ಉಪಕಾರ ನೆನೆಯೋದು, ಯಾರಿಗೂ ನೋವು ಮಾಡದಿರೋದು, ಹೀಗೆ ನಮಗೆ ಹಲವು ಕರ್ತವ್ಯ ಇವೆ. ಒಂದು ಸಲ ಒಂದು ಗೆಲ್ಲುತ್ತೆ, ಇನ್ನೊಂದು ಸಲ ಇನ್ನೊಂದು. ಆದ್ರೆ ಸೋತ ಕರ್ತವ್ಯ ಮಾಯ ಆಗಲ್ಲ. ಫ್ರೆಂಡಿಗೆ ಬರ್ತೀನಿ ಅಂದಿರ್ತೀರಾ, ದಾರೀಲಿ ಆ್ಯಕ್ಸಿಡೆಂಟ್ ಆದವರನ್ನ ಆಸ್ಪತ್ರೆಗೆ ಸೇರಿಸ್ತೀರಾ. ನೀವು ಮಾಡಿದ್ದು ಸರೀನೇ. ಆದ್ರೂ ಕಾದು ಕೂತ ಫ್ರೆಂಡಿಗೆ ಒಂದು ಫೋನ್ ಮಾಡ್ಬೇಕು ತಾನೇ?

ಕಾಮರ್ಸ್‌ನವರಿಗೆ ಇದು ಬೇಗ ಹೊಳೆಯುತ್ತೆ. ಟ್ರಯಲ್ ಬ್ಯಾಲೆನ್ಸ್ ಎರಡೂ ಕಡೆ ಕೂಡಲಿಲ್ಲ ಅಂದ್ರೆ ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟಿಗೆ ಹಾಕ್ತೀವಿ. ಅದನ್ನ ಅಳಿಸಿ ಹಾಕೋ ಹಾಗಿಲ್ಲ. ಪುಸ್ತಕದಲ್ಲಿ ಕಣ್ಣಿಗೆ ಕಾಣೋ ಹಾಗೆ ಇರ್ಬೇಕು, ಮುಂದೆ ಅದಕ್ಕೆ ಉತ್ತರ ಕೊಡ್ಬೇಕು. ರಾತ್ರಿ ಗೇಟ್ ಮುಚ್ಚೋದು ಸರಿ ಅಂತಾನೇ ನನ್ನ ಅಭಿಪ್ರಾಯ. ಯಾಕಂದ್ರೆ ಮಾವನಿಗೆ ಹೊತ್ತು ಬದಲಾಯಿಸ್ಕೊಳ್ಳೋ ದಾರಿ ಕಷ್ಟಪಟ್ಟಾದ್ರೂ ಇದೆ, ಆನೆಗೆ ಬೇರೆ ಕಾಡಿಲ್ಲ. ಆದ್ರೆ ಸರಿ ಅಂದ ತಕ್ಷಣ ಮಾವನ ನಷ್ಟ ಸೊನ್ನೆ ಆಗಲ್ಲ. ಅದು ನಮ್ಮೆಲ್ಲರ ಸಸ್ಪೆನ್ಸ್ ಅಕೌಂಟಲ್ಲಿದೆ. ಕಾಡು ಉಳೀಲಿ ಅಂತ ಬೆಂಗಳೂರಲ್ಲಿ ಕೂತು ಪೋಸ್ಟ್ ಹಾಕೋ ನಾವು, ಆ ಉಳಿವಿಗೆ ಬೆಲೆ ಕೊಡ್ತಿರೋದು ಗಡಿಯ ಜನ ಅನ್ನೋದನ್ನ ಮರೀಬಾರದು. ಸುತ್ತು ರಸ್ತೆ ಚೆನ್ನಾಗಿಡೋದು, ತರಕಾರಿ ಕೆಡದ ಹಾಗೆ ಇಡೋಕೆ ಕೋಲ್ಡ್ ಸ್ಟೋರೇಜ್ ಕಟ್ಟೋದು, ಇವೆಲ್ಲ ದಾನ ಅಲ್ಲ, ಬಾಕಿ ತೀರಿಸೋದು.

ಸರಿ, ತಕ್ಕಡಿ ಇಲ್ಲ ಅಂದ್ರೆ ತೀರ್ಮಾನ ಮಾಡೋದು ಹೇಗೆ? ಇಲ್ಲಿ ಸದ್ಗುಣ ನೀತಿ ಕೈ ಹಿಡಿಯುತ್ತೆ. ಬರ್ಲಿನ್ ಸ್ವಾತಂತ್ರ್ಯದ ಬಗ್ಗೆ ತಮ್ಮ ಹೆಸರಾಂತ ಉಪನ್ಯಾಸ ಕೊಟ್ಟ 1958ರಲ್ಲೇ, ಅದೇ ಆಕ್ಸ್‌ಫರ್ಡ್‌ನಲ್ಲಿದ್ದ ಎಲಿಜಬೆತ್ ಆನ್ಸ್‌ಕೂಮ್ ಒಂದು ಲೇಖನ ಪ್ರಕಟಿಸಿದ್ರು. ನೀತಿ ಅಂದ್ರೆ ಬರೀ ನಿಯಮ, ಬರೀ ಫಲಿತಾಂಶ ಅಂತ ನೋಡೋದನ್ನ ಅವರು ಕಟುವಾಗಿ ಟೀಕಿಸಿದ್ರು. ಆಮೇಲೆ ಹಲವರು ಮತ್ತೆ ಅರಿಸ್ಟಾಟಲ್ ಕಡೆ ತಿರುಗಿದ್ರು. "ಯಾವ ನಿಯಮ ಪಾಲಿಸ್ಬೇಕು" ಅನ್ನೋದಕ್ಕಿಂತ ಮೊದಲು "ನಾನು ಎಂಥ ಮನುಷ್ಯ ಆಗ್ಬೇಕು" ಅಂತ ಕೇಳೋ ದಾರಿ ಅದು.

ಅರಿಸ್ಟಾಟಲ್ ಹೇಳೋ ಮಧ್ಯಮ ಮಾರ್ಗವನ್ನ ತುಂಬಾ ಜನ ತಪ್ಪಾಗಿ ತಿಳ್ಕೊಂಡಿದ್ದಾರೆ. ಅದು ಕೂಡಿ ಎರಡರಿಂದ ಭಾಗಿಸೋ ಲೆಕ್ಕ ಅಲ್ಲ. ಅವನೇ ಉದಾಹರಣೆ ಕೊಡ್ತಾನೆ: ಊಟ 10 ಪಾಲು ಜಾಸ್ತಿ, 2 ಪಾಲು ಕಮ್ಮಿ, ಹಾಗಂತ ಎಲ್ಲರಿಗೂ 6 ಸರಿಯಾಗಲ್ಲ. ಮಿಲೋ ಅನ್ನೋ ಕುಸ್ತಿ ಪೈಲ್ವಾನನಿಗೆ ಅದು ಸಾಲಲ್ಲ, ಈಗಷ್ಟೇ ಅಖಾಡಕ್ಕೆ ಇಳಿದವನಿಗೆ ಜಾಸ್ತಿ. ಕನ್ನಡದಲ್ಲಿ ಇದಕ್ಕೆ ಒಳ್ಳೇ ಪದ ಇದೆ: ಹದ. ಮುದ್ದೆಗೆ ಇಷ್ಟೇ ನೀರು ಅಂತ ಯಾರೂ ಬರೆದಿಟ್ಟಿಲ್ಲ. ಹಿಟ್ಟು ನೋಡ್ಬೇಕು, ಬೆಂಕಿ ನೋಡ್ಬೇಕು, ಕೋಲು ತಿರುವೋ ಕೈಗೆ ಗೊತ್ತಾಗ್ಬೇಕು. ಹತ್ತು ಸಲ ತಿರುವಿದ ಕೈಗೆ ಮಾತ್ರ ಅದು ಗೊತ್ತಾಗೋದು. ಒಳ್ಳೇತನವೂ ಹಾಗೇ, ಮಾಡಿ ಮಾಡಿ ಕಲಿಯೋದು. ಅರಿಸ್ಟಾಟಲ್ ವಿವೇಕ ಅಂದಿದ್ದು ಈ ಹದ ತಿಳಿದ ಬುದ್ಧಿಯನ್ನ.

ಹದ ಅಂದ್ರೆ ಗೇಟನ್ನ ಅರ್ಧ ತೆಗೆಯೋದಲ್ಲ. 9ಕ್ಕೆ ಮುಚ್ಚಿ, ಪ್ರಾಣ ಉಳಿಸೋ ಗಾಡಿ ಬಂದಾಗ ಪೂರ್ತಿ ತೆಗೆಯೋದು.

ಇದೇ ಹದದ ಇನ್ನೊಂದು ರೂಪ ನಮ್ಮ ಜಿಲ್ಲೆಯಲ್ಲೇ, ಬಿಳಿಗಿರಿರಂಗನ ಬೆಟ್ಟದಲ್ಲಿದೆ. 1974ರಲ್ಲಿ ಅದು ವನ್ಯಜೀವಿಧಾಮ ಆಯ್ತು. ಕಾಡು ಉಳೀಬೇಕಂದ್ರೆ ಜನ ದೂರ ಇರ್ಬೇಕು ಅನ್ನೋ ಒಂದೇ ಮೌಲ್ಯದ ಲೆಕ್ಕದಲ್ಲಿ ಸೋಲಿಗರ ಎಷ್ಟೋ ರೂಢಿಗೆ ತಡೆ ಬಿತ್ತು. ಒಣ ಎಲೆಗೆ ಮೊದಲೇ ಸಣ್ಣದಾಗಿ ಹಾಕ್ತಿದ್ದ ತರಗು ಬೆಂಕಿಯೂ ನಿಂತ್ಹೋಯ್ತು. ಅದು ನಿಂತಿದ್ರಿಂದಲೇ ಲಂಟಾನ ಕಾಡೆಲ್ಲ ಹಬ್ಬಿತು ಅಂತಾರೆ ಸೋಲಿಗರು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅವರಿಗೆ ಸಮುದಾಯ ಹಕ್ಕು ಸಿಕ್ತು. ಹುಲಿ ರಕ್ಷಿತಾರಣ್ಯದ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಜೇನು ಇಳಿಸುವಾಗ ಎಲ್ಲಾನೂ ಕಿತ್ಕೊಂಡು ಬರದೆ ಸ್ವಲ್ಪ ಬಿಟ್ಟು ಬರೋದು ಅವರ ಪದ್ಧತಿ. ಅದಕ್ಕೆ ಗೇಟಿಲ್ಲ, ಗಾರ್ಡಿಲ್ಲ. ರೂಢಿ ಇದೆ, ಅಷ್ಟೇ.

ಸರಿ, ಒಂದು ಪ್ರಶ್ನೆ ಬಂದೇ ಬರುತ್ತೆ: "ಬ್ರೋ, ಸದ್ಗುಣ ಅನ್ನೋದೆಲ್ಲ ಹೊಟ್ಟೆ ತುಂಬಿದವರ ಮಾತು. ಇಎಂಐ ಕಟ್ಟೋ ಡ್ರೈವರ್‌ಗೆ ಹೇಳಿ ನೋಡಿ." ಈ ಪ್ರಶ್ನೆಯಲ್ಲಿ ಸತ್ಯ ಇದೆ. ಸುತ್ತು ರಸ್ತೆ ಸರಿ ಮಾಡದೆ ಡ್ರೈವರ್‌ಗೆ ಮಾತ್ರ ಒಳ್ಳೆಯವನಾಗು ಅನ್ನೋದು ಅನ್ಯಾಯ. ಅರಿಸ್ಟಾಟಲ್ ಕೂಡ ಸದ್ಗುಣವನ್ನ ಒಬ್ಬಂಟಿ ಸಾಹಸ ಅಂದ್ಕೊಂಡಿರಲಿಲ್ಲ. ಒಳ್ಳೇ ಕಾನೂನು, ಒಳ್ಳೇ ಊರು ಇದ್ರೇನೇ ಜನಕ್ಕೆ ಒಳ್ಳೇ ರೂಢಿ ಬೆಳೆಯೋದು ಅಂದವನು ಅವನು. ಸರ್ಕಾರದ ಕೆಲಸವನ್ನ ವ್ಯಕ್ತಿಯ ಒಳ್ಳೇತನದ ತಲೆಗೆ ಕಟ್ಟೋ ಹಾಗಿಲ್ಲ.

ಆದ್ರೆ ಕಾನೂನಿಗೂ ಒಂದು ಮಿತಿ ಇದೆ. ರಾತ್ರಿ 9ರಿಂದ ಬೆಳಗ್ಗೆ 6 ಅಂದ್ರೆ 9 ಗಂಟೆ. ಉಳಿದ 15 ಗಂಟೆ ಗೇಟ್ ತೆರೆದಿರುತ್ತೆ. ಆ ಹೊತ್ತಲ್ಲಿ ಆ ರಸ್ತೇಲಿ ಹೋಗೋರು ಯಾರು? ವೀಕೆಂಡಿಗೆ ವಯನಾಡು, ಊಟಿ ಅಂತ ಹೊರಡೋ ನಾವು. ರೀಲ್ಸಿಗೋಸ್ಕರ ಆನೆ ಮುಂದೆ ಗಾಡಿ ನಿಲ್ಲಿಸೋದು, ಕೋತಿಗೆ ಚಿಪ್ಸ್ ಎಸೆಯೋದು, ರಸ್ತೆ ಖಾಲಿ ಇದೆ ಅಂತ ಆಕ್ಸಿಲರೇಟರ್ ಒತ್ತೋದು. ಬೋರ್ಡುಗಳಿವೆ, ದಂಡ ಇದೆ. ಆದ್ರೆ ಪ್ರತಿ ತಿರುವಿನಲ್ಲೂ ಗಾರ್ಡ್ ನಿಲ್ಲೋಕಾಗಲ್ಲ. ಅಲ್ಲಿ ಜಿಂಕೆಯನ್ನ ಕಾಯೋದು ನಿಮ್ಮ ಕಾಲಿನ ಅಭ್ಯಾಸ, ತಾನಾಗೇ ಬ್ರೇಕಿನ ಮೇಲೆ ಹೋಗೋ ಕಾಲು. ಮಾವ ಪ್ರತಿ ರಾತ್ರಿ ಕಾಡಿಗಾಗಿ ಏನೋ ಬಿಟ್ಟುಕೊಡ್ತಾರೆ, ಕಾನೂನು ಬಿಡಿಸುತ್ತೆ. ಹಗಲು ಹೋಗೋ ನಾವು ಹತ್ತು ನಿಮಿಷ ಬಿಟ್ಟುಕೊಡೋಕೆ ಕಾನೂನು ಬೇಕಾ?

ಬಹುತ್ವ ನಮಗೆ ಎದುರಿಗಿರೋನನ್ನ ಕೆಟ್ಟವನು ಅನ್ನೋ ಮೊದಲು ಅವನು ಏನನ್ನ ಕಾಪಾಡ್ತಿದ್ದಾನೆ ಅಂತ ನೋಡೋಕೆ ಹೇಳುತ್ತೆ. ಸದ್ಗುಣ ನೀತಿ, ನೋಡಿದ ಮೇಲೆ ಹದವಾಗಿ ನಡ್ಕೊಳ್ಳೋದನ್ನ ರೂಢಿ ಮಾಡ್ಕೋ ಅನ್ನುತ್ತೆ.

ನಿಮ್ಮ ಮನೇಲೋ, ಊರಲ್ಲೋ, ಕೆಲಸದ ಜಾಗದಲ್ಲೋ ಇಬ್ಬರೂ ಸರಿ ಇದ್ದು ಒಬ್ಬರು ಸೋಲಲೇಬೇಕಾದ ಜಗಳ ನೋಡಿದ್ರೆ ಒಂದು ವಾಯ್ಸ್ ನೋಟ್ ಕಳಿಸಿ. ಯಾರು ಗೆದ್ರು ಅನ್ನೋದಕ್ಕಿಂತ, ಸೋತವರಿಗೆ ಆಮೇಲೆ ಯಾರಾದ್ರೂ ಫೋನ್ ಮಾಡಿದ್ರಾ ಅಂತ ಹೇಳಿ.